ಬಿಳಿ ಟವೆಲ್

ಮಗುವಿನ ಕೆನ್ನೆ ಇನ್ನೂ ಹಳದಿಯಾಗಿಯೇ ಇತ್ತು. ಅವನು ಕ್ಯಾಮೆರಾದ ಚಕ್ರವನ್ನು ಹೆಬ್ಬೆರಳಿನಿಂದ ಮತ್ತೆರಡು ಹಲ್ಲು ಹಿಂದಕ್ಕೆ ತಿರುಗಿಸಿ, ಉಸಿರು ಹಿಡಿದು, ಇನ್ನೊಂದು ಚಿತ್ರ ತೆಗೆದ.

"ಬೇಗ ತೆಗೀರಿ, ಎದ್ದುಬಿಟ್ಟಾಳು" ಎಂದಳು ಮಂಚದ ಮೇಲಿದ್ದ ಹೆಂಡತಿ. ಹೆರಿಗೆಯಾಗಿ ಐದು ದಿನ. ಹೊಲಿಗೆ ಮಾಗಿರಲಿಲ್ಲ, ಕೂತರೂ ನೋವು, ಮಗ್ಗುಲಾದರೂ ನೋವು.

"ಅವಳೆಲ್ಲಿ ಏಳ್ತಾಳೆ? ತಲೆ ಹತ್ರ ಡೋಲು ಬಡಿದ್ರೂ ಏಳಲ್ಲ. ನೀನು ಹುಟ್ಟಿದಾಗ ಬೀದಿಗೆಲ್ಲ ನಿದ್ದೆ ಇರಲಿಲ್ಲ. ನಿನ್ನ ಹೊಟ್ಟೇಲಿ ಇಂಥಾ ಸಾಧು ಹೇಗೆ ಹುಟ್ಟಿತೋ" ಎಂದರು ಅತ್ತೆ, ಬಾಗಿಲಲ್ಲಿ ನಿಂತು ಒಣಗಿದ ಬಟ್ಟೆ ಮಡಿಸುತ್ತ.

ಹೆಂಡತಿ ನಗಲಿಲ್ಲ. "ಅಮ್ಮಾ, ನನಗ್ಯಾಕೋ ಇವಳು ಹಳದಿ ಕಾಣ್ತಾಳೆ" ಎಂದು ಬೆಳಗಿನಿಂದ ನಾಲ್ಕನೆಯ ಸಲ ಹೇಳಿದಳು.

"ಆ ಕಿಟಕಿ ಪರದೆ ನೋಡು ಮೊದಲು. ಸಾಸಿವೆ ಬಣ್ಣದ ಪರದೆ ಹಾಕ್ಕೊಂಡು ಕೂತ್ರೆ ನಾನೂ ಹಳದಿ, ನೀನೂ ಹಳದಿ."

ಪರದೆಯ ಮಾತು ಸುಳ್ಳಲ್ಲ. ಮಧ್ಯಾಹ್ನದ ಬಿಸಿಲು ಅದರ ಮೂಲಕ ಸೋಸಿ ಬಂದು ಗೋಡೆ, ಹಾಸಿಗೆ, ನೀರಿನ ಚೊಂಬು ಎಲ್ಲಕ್ಕೂ ತೆಳುವಾಗಿ ಬಣ್ಣ ಬಳಿದಿತ್ತು. ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಬೇಕಾಗಿದ್ದುದು ಇನ್ನೆರಡು ದಿನ ಬಿಟ್ಟು. ಇವತ್ತೇ ಕರೆದುಕೊಂಡು ಓಡಬೇಕೋ ಬೇಡವೋ ಎಂಬುದು ತೀರ್ಮಾನವಾಗದೆ, ಹೆಂಡತಿ ತನ್ನ ಅಕ್ಕನಿಗೆ ಫೋನ್ ಮಾಡಿದ್ದಳು. ಅಕ್ಕ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ನರ್ಸು. "ಒಂದು ಫೋಟೋ ಕಳಿಸು, ನೋಡಿ ಹೇಳ್ತೀನಿ. ಫೋನಲ್ಲಿ ತೆಗೀಬೇಡ, ಅದು ಎಲ್ಲರಿಗೂ ತಾನೇ ಪೌಡರ್ ಹಚ್ಚುತ್ತೆ. ಫೋಟೋ ಸಾಹೇಬ್ರ ದೊಡ್ಡ ಕ್ಯಾಮೆರಾ ಯಾತಕ್ಕಿದೆ?" ಎಂದಿದ್ದಳು.

ಫೋಟೋ ಸಾಹೇಬ್ರು ಎಂದರೆ ಅವನೇ. ಹನ್ನೊಂದು ವರ್ಷದಿಂದ ಒಂದೇ ಸ್ಟುಡಿಯೋದಲ್ಲಿ ಮುಖಗಳನ್ನು ತೆಗೆಯುತ್ತ ಬಂದಿದ್ದ. ಪಾಸ್‌ಪೋರ್ಟಿಗೆ, ಕೆಲಸದ ಅರ್ಜಿಗೆ, ಮದುವೆ ಮಾತುಕತೆಗೆ. ಸೇರಿದ ದಿನವೇ ಸ್ಟುಡಿಯೋ ಯಜಮಾನ ಹೇಳಿಕೊಟ್ಟಿದ್ದ: "ಚರ್ಮ ಮೊದಲು ನೋಡು. ಮುಖ ಸರಿಯಾಗಿ ಬಂದ್ರೆ ಮುಗೀತು. ನಮ್ಮ ಗೋಡೆ ಬಣ್ಣ ಬದಲಾಗಿದೆ ಅಂತ ಯಾವ ಗಿರಾಕಿಯೂ ಜಗಳಕ್ಕೆ ಬರಲ್ಲ."

ಬಿಳಿ ಯಾವುದು ಎಂಬುದು ಕ್ಯಾಮೆರಾಕ್ಕೆ ತಾನಾಗಿ ತಿಳಿಯುವುದಿಲ್ಲ, ಹೇಳಿಕೊಡಬೇಕು. ಬೆಳಕಿನ ಬಣ್ಣಕ್ಕೆ ಒಂದು ಅಂಕಿ ಇದೆ. ಆ ಅಂಕಿಯನ್ನು ಇಳಿಸಿದಷ್ಟೂ ಚಿತ್ರ ನೀಲಿಯ ಕಡೆ ಸರಿಯುತ್ತದೆ, ಏರಿಸಿದಷ್ಟೂ ಹಳದಿಯ ಕಡೆ. ಸ್ಟುಡಿಯೋದಲ್ಲಿ ಇದಕ್ಕೆಂದೇ ಬೂದು ಬಣ್ಣದ ಒಂದು ರಟ್ಟು ಇತ್ತು. ಅದನ್ನು ಬೆಳಕಿಗೆ ಹಿಡಿದು ಅಳೆದುಕೊಂಡರೆ ತಪ್ಪಾಗುವುದಿಲ್ಲ. ಮನೆಯಲ್ಲಿ, ತನ್ನ ಮಗಳ ಒಂದು ಚಿತ್ರಕ್ಕೆ, ಅವನಿಗೆ ರಟ್ಟು ಬೇಕೆನಿಸಲಿಲ್ಲ. ಕಣ್ಣಿತ್ತು. ಐದು ಸಾವಿರದ ಇನ್ನೂರಕ್ಕೆ ಇಟ್ಟು ತೆಗೆದ, ಹಳದಿ. ನಾಲ್ಕು ಸಾವಿರದ ಆರುನೂರಕ್ಕೆ ಇಳಿಸಿದ, ಸ್ವಲ್ಪ ಕಡಿಮೆ. ಮೂರು ಸಾವಿರದ ಏಳುನೂರಕ್ಕೆ ಬಂದಾಗ ಕೆನ್ನೆಯಲ್ಲಿ ಎಳೆಗುಲಾಬಿ ಮೂಡಿತು. ಬೆಳಕಿನ ಪ್ರಮಾಣವನ್ನೂ ಒಂದಿಷ್ಟು ಏರಿಸಿದ. ಕಣ್ಣಿನ ಕೆಳಗಿನ ಮಬ್ಬು ಹೋಯಿತು. ಕ್ಯಾಮೆರಾದ ಪರದೆಯಲ್ಲಿ ಈಗ ಮಲಗಿದ್ದುದು, ಮಗು ಎಂದರೆ ಹೇಗಿರಬೇಕೆಂದು ಎಲ್ಲರೂ ಬಯಸುವರೋ ಹಾಗಿದ್ದ ಮಗು. ಅವನಿಗೆ ಎದೆಯ ಮೇಲಿಂದ ಏನೋ ಇಳಿದಂತಾಯಿತು. ತಾನು ತೆಗೆದುಹಾಕುತ್ತಿರುವುದು ಕೋಣೆಯ ಹಳದಿಯನ್ನು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

ಚಿತ್ರ ಕಳಿಸಿದ ಹತ್ತು ನಿಮಿಷಕ್ಕೆ ಅಕ್ಕನ ದನಿ ಬಂತು. "ಎಲ್ಲಿದೆಯೇ ಹಳದಿ? ಸೇಬಿನ ಹಾಗಿದ್ದಾಳೆ ನನ್ನ ರಾಣಿ. ಸುಮ್ನೆ ತಲೆ ಕೆಡಿಸ್ಕೋಬೇಡ, ಹಾಲು ಕುಡಿಸ್ತಾ ಇರು. ಎರಡು ದಿನ ಬಿಟ್ಟು ಹೇಗೂ ತೋರಿಸ್ತೀರಲ್ಲ."

"ನಾನು ಹೇಳ್ಲಿಲ್ವಾ?" ಎಂದರು ಅತ್ತೆ.

ಮರುದಿನ ಮಧ್ಯಾಹ್ನ ಅವನು ಕ್ಯಾಮೆರಾದ ಚೀಲ ಹೆಗಲಿಗೇರಿಸಿಕೊಂಡೇ ಊಟಕ್ಕೆ ಬಂದ. ಮಗು ಬೆಳಗಿನಿಂದ ಸರಿಯಾಗಿ ಹಾಲು ಕುಡಿದಿರಲಿಲ್ಲ. ಬಾಯಿಗೆ ಇಟ್ಟರೆ ಎರಡು ಗುಟುಕು, ಮತ್ತೆ ನಿದ್ದೆ. ಕಿವಿ ಉಜ್ಜಿದರೂ, ಒದ್ದೆ ಬಟ್ಟೆಯಿಂದ ಪಾದ ಒರೆಸಿದರೂ ಏಳಲಿಲ್ಲವೆಂದು ಹೆಂಡತಿ ಹೇಳಿದಳು. ಹೇಳುವಾಗ ಅವಳ ಕಣ್ಣು ಫೋನಿನ ಮೇಲಿತ್ತು. ಧೈರ್ಯಕ್ಕೆ ನಿನ್ನೆಯ ಚಿತ್ರವನ್ನು ಪದೇ ಪದೇ ತೆಗೆದು ನೋಡುತ್ತಿದ್ದಳು.

"ರೀ, ಇದು ಯಾರ ಮನೆ ಟವೆಲ್?"

"ಯಾವುದು?"

"ಇವಳ ಕೆಳಗೆ ಹಾಸಿರೋದು. ನಮ್ಮ ಮನೇಲಿ ನೀಲಿ ಟವೆಲ್ ಎಲ್ಲಿದೆ? ಇವಳಿಗೆ ಅಂತ ತಂದಿದ್ದು ಮೂರೂ ಬಿಳೀವೇ."

ಅವನು ಫೋನು ತೆಗೆದುಕೊಂಡ. ಚಿತ್ರದಲ್ಲಿ ಮಗುವಿನ ಕೆನ್ನೆ ಗುಲಾಬಿ. ಅದರ ಕೆಳಗಿನ ಟವೆಲ್ ಮೋಡವಿಲ್ಲದ ಆಕಾಶದಂಥ ತಿಳಿನೀಲಿ. ನಿನ್ನೆಯಿಂದ ಈ ಚಿತ್ರವನ್ನು ಅವನು ಇಪ್ಪತ್ತು ಸಲವಾದರೂ ನೋಡಿರಬೇಕು, ಮುಖವನ್ನು ನೋಡಿದ್ದ. ಕೋಣೆಯ ಹಳದಿಯನ್ನಷ್ಟೇ ತೆಗೆದಿದ್ದರೆ ಟವೆಲ್ ಬಿಳಿಯಾಗಿ ನಿಲ್ಲಬೇಕಿತ್ತು. ಅದು ನೀಲಿಗೆ ತಿರುಗಿದೆ ಎಂದರೆ ಕೋಣೆಯಲ್ಲಿದ್ದುದಕ್ಕಿಂತ ಹೆಚ್ಚು ಹಳದಿಯನ್ನು ಅವನು ತೆಗೆದಿದ್ದ. ಆ ಹೆಚ್ಚಿನದು ಕಿಟಕಿ ಪರದೆಯದಲ್ಲ.

ಅವನು ಮಗುವನ್ನು ಎತ್ತಿಕೊಂಡು ಬೀದಿಬಾಗಿಲಿಗೆ ಬಂದ. ಹೊರಗಿನ ಬೆಳಕಿನಲ್ಲಿ ಅದರ ಹಣೆಯನ್ನು ಬೆರಳಿನಿಂದ ಒತ್ತಿ ಬಿಟ್ಟ. ಒತ್ತಿದ ಜಾಗ ಬೆಳ್ಳಗಾಗಲಿಲ್ಲ, ಹಳದಿಯೇ ಉಳಿಯಿತು. ಎದೆ ಒತ್ತಿದ, ಹೊಟ್ಟೆ ಒತ್ತಿದ. ತೊಡೆಯವರೆಗೂ ಅದೇ.

"ಚಪ್ಪಲಿ ಹಾಕ್ಕೋ" ಎಂದು ಒಳಗೆ ಕೂಗಿದ. "ಆಸ್ಪತ್ರೆಗೆ ಹೋಗ್ಬೇಕು."

"ಏನಾಯ್ತು?"

"ಹಾಕ್ಕೋ ಅಂದೆನಲ್ಲ!"

ಮದುವೆಯಾದಾಗಿನಿಂದ ಅವನು ಅವಳ ಮೇಲೆ ದನಿ ಏರಿಸಿದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ.

ಮಕ್ಕಳ ಡಾಕ್ಟರು ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿಕೊಂಡ, ಸಣ್ಣ ಕಾಯದ ಹೆಂಗಸು. ಮಗುವಿನ ಬಟ್ಟೆ ಬಿಚ್ಚಿ ನೋಡಿ, ಅತ್ತೆ ಹೇಳಿದ ನಿನ್ನೆಯ ಫೋಟೋದ ಕತೆ ಕೇಳಿ, ರಕ್ತ ತೆಗೆಸಿದರು. ಅರ್ಧ ಗಂಟೆಯಲ್ಲಿ ಕಾಮಾಲೆಯ ಅಂಕಿ ಬಂತು: ಇಪ್ಪತ್ತಮೂರು. ಮಗುವನ್ನು ಹಳದಿ ಇಳಿಸುವ ನೀಲಿ ದೀಪದ ಕೋಣೆಗೆ ಒಯ್ದರು. ಗಾಜಿನ ಬಾಗಿಲು ಮುಚ್ಚಿತು.

ಕಾರಿಡಾರಿನ ಬೆಂಚಿನಲ್ಲಿ ಹೆಂಡತಿ ಒಂದು ಮಗ್ಗುಲಿಗೆ ವಾಲಿ ಕೂತಿದ್ದಳು. ಅವಳ ಕೈಯಲ್ಲಿದ್ದ ಫೋನಿನಿಂದ ಅಕ್ಕನ ಅಳು ಪಕ್ಕದವರಿಗೂ ಕೇಳುತ್ತಿತ್ತು. "ಹದಿನಾಲ್ಕು ವರ್ಷ ಮಕ್ಕಳನ್ನೇ ನೋಡಿದೀನಿ ಕಣೇ. ನನ್ನ ಕಣ್ಣಿಗೇನಾಗಿತ್ತು? ಚೆನ್ನಾಗಿದೆ ಅಂದುಬಿಟ್ಟೆನಲ್ಲಾ. ಬೇರೆಯವರ ಮಗು ಆಗಿದ್ರೆ ಫೋಟೋ ನೋಡಿ ಹೇಳ್ತಿದ್ನಾ? ಕರ್ಕೊಂಡು ಹೋಗಿ ಅಂತಿದ್ದೆ."

"ನಿನ್ನದೇನು ತಪ್ಪಕ್ಕಾ" ಎನ್ನುತ್ತಿದ್ದಳು ಹೆಂಡತಿ, ಆದರೆ ಆ ಮಾತಿನಲ್ಲಿ ಕಸುವಿರಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ನರ್ಸಾಗಿ ಅಷ್ಟೂ ಗೊತ್ತಾಗ್ಲಿಲ್ಲವಾ ಅವಳಿಗೆ" ಎಂದು ಗೋಡೆಗೆ ಹೇಳಿದರು.

ಅವನು ಆ ಕಡೆ ಗೋಡೆಗೆ ಒರಗಿ ನಿಂತಿದ್ದ. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು; ಒಂದೇ ವಾಕ್ಯ. ಅಕ್ಕ ಫೋನಿಟ್ಟಳು. ವಾಕ್ಯ ಹಾಗೆಯೇ ಉಳಿಯಿತು. ಇನ್ನು ಹೇಳದಿದ್ದರೂ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆ ಬಂದಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಡಾಕ್ಟರು ಹೊರಗೆ ಬಂದರು. "ಇಪ್ಪತ್ತೈದು ದಾಟಿದ್ರೆ ರಕ್ತ ಬದಲಾಯಿಸ್ಬೇಕಾಗುತ್ತೆ. ಹಾಗಾಗದೇ ಇರಲಿ ಅಂತ ನೋಡ್ತಿದೀವಿ. ಆರು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ನನಗೊಂದು ವಿಷಯ ಬೇಕು. ಹಳದಿ ಶುರುವಾಗಿದ್ದು ಯಾವತ್ತು? ಹುಟ್ಟಿದ ದಿನವೇ ಇತ್ತಾ, ಆಮೇಲೆ ಬಂತಾ?"

ಮೂವರೂ ಮುಖ ಮುಖ ನೋಡಿಕೊಂಡರು.

"ಮೊದಲ ದಿನವೇ ಬಂದಿದ್ರೆ ಕಾರಣ ಬೇರೆ, ಅದು ಇನ್ನೂ ಬೇಗ ಏರುತ್ತೆ. ನೆನಪು ಮಾಡ್ಕೊಳ್ಳಿ."

"ಫೋಟೋ ಇವೆ" ಎಂದ ಅವನು. "ದಿನಾ ತೆಗೆದಿದೀನಿ."

"ಫೋಟೋ ನೋಡಿಯೇ ತಾನೇ ಮನೇಲಿ ಕೂತಿದ್ದು?"

"ಫೋಟೋ ತಪ್ಪಿರಲಿಲ್ಲ ಡಾಕ್ಟ್ರೇ." ಅವನು ಕ್ಯಾಮೆರಾದ ಚೀಲವನ್ನು ಹೆಗಲಿನಿಂದ ಇಳಿಸಿದ. "ಬಣ್ಣ ನಾನು ಬದಲಾಯಿಸಿ ಕಳಿಸಿದ್ದೆ. ಹಳದಿ ಹೋಗೋ ತನಕ ಬದಲಾಯಿಸಿದೆ. ಅಕ್ಕ ನೋಡಿದ್ದು ಅದನ್ನ."

ಎಲ್ಲೋ ಒಂದು ಗಾಲಿಕುರ್ಚಿ ಕಿರುಗುಟ್ಟಿಕೊಂಡು ಹೋಯಿತು. ಅತ್ತೆಯ ಬಾಯಿ ತೆರೆದೇ ಇತ್ತು.

"ಕಂಡಿತ್ತಾ ನಿಮಗೆ?" ಎಂದಳು ಹೆಂಡತಿ, ಬಹಳ ಮೆಲ್ಲಗೆ. "ಹಳದಿ, ಕಣ್ಣಿಗೆ ಕಂಡಿತ್ತಾ?"

"ಕಂಡಿತ್ತು."

"ಮತ್ತೆ?"

"ಕಂಡಿದ್ದಕ್ಕೇ ಬದಲಾಯಿಸಿದೆ."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಡಾಕ್ಟರು ಮಾತ್ರ ಕೈಗಡಿಯಾರ ನೋಡಿಕೊಂಡರು. "ಬದಲಾಯಿಸದೇ ಇದ್ದದ್ದು ಉಳಿದಿದೆಯಾ?"

ಉಳಿದಿತ್ತು. ಕ್ಯಾಮೆರಾ ಪ್ರತಿ ಚಿತ್ರದ ಎರಡು ಪ್ರತಿ ಇಡುತ್ತಿತ್ತು. ಅವನು ಹೇಳಿದಂತೆ ಬಣ್ಣ ಹಚ್ಚಿದ್ದು ಒಂದು, ಬೆಳಕು ಬಿದ್ದದ್ದನ್ನು ಬಿದ್ದ ಹಾಗೆ ಬರೆದುಕೊಂಡ ಕಚ್ಚಾ ಪ್ರತಿ ಇನ್ನೊಂದು. ಅವನು ಬೆಂಚಿನ ತುದಿಯಲ್ಲಿ ಕೂತು ಚೀಲ ಬಿಚ್ಚಿದ. ಹುಟ್ಟಿದ ದಿನದ ಚಿತ್ರ ತೆಗೆದ. ಹೆರಿಗೆ ವಾರ್ಡಿನ ಟ್ಯೂಬ್‌ಲೈಟಿನ ಕೆಳಗೆ, ಅದೇ ಬಿಳಿ ಟವೆಲಿನಲ್ಲಿ ಸುತ್ತಿದ ಮಗು. ಚಕ್ರ ತಿರುಗಿಸತೊಡಗಿದಾಗ, ಕಣ್ಣು ತನ್ನಷ್ಟಕ್ಕೇ ಕೆನ್ನೆಯ ಮೇಲೆ ಹೋಗಿ ಕೂರುತ್ತಿರುವುದು ಅವನಿಗೆ ಗೊತ್ತಾಯಿತು. ಅವನು ಎಡಗೈ ಹೆಬ್ಬೆರಳನ್ನು ಕ್ಯಾಮೆರಾದ ಪರದೆಯ ಮೇಲೆ ಒತ್ತಿ ಮಗುವಿನ ಮುಖವನ್ನು ಮುಚ್ಚಿದ. ಉಳಿದದ್ದು ಟವೆಲ್ ಮಾತ್ರ. ಅದು ಬಿಳಿಯಾಗುವವರೆಗೆ ಅಂಕಿಯನ್ನು ಸರಿಸಿದ. ತೀರಾ ಬೆಳಗದಂತೆ, ನೂಲಿನ ಎಳೆ ಕಾಣುವಷ್ಟು ಬೆಳಕನ್ನು ಇಳಿಸಿದ. ಆಮೇಲೆ ಹೆಬ್ಬೆರಳು ತೆಗೆದ.

ಕೆಂಪು. ಹೊಸ ಮಗುವಿನ ಸುಕ್ಕುಗಟ್ಟಿದ ಕೆಂಪು.

ಎರಡನೆಯ ದಿನ ಬೆಳಿಗ್ಗೆಯದು. ಹೆಬ್ಬೆರಳು, ಟವೆಲ್, ಬಿಳಿ. ತೆಗೆದ. ಕೆಂಪೇ. ಅದೇ ದಿನ ಸಂಜೆಯದರಲ್ಲಿ ಮೂಗಿನ ತುದಿಯಲ್ಲಿ ಒಂದು ಛಾಯೆ, ಇದೆಯೋ ಇಲ್ಲವೋ ಎನ್ನುವಷ್ಟು. ಮೂರನೆಯ ದಿನ ಹಣೆ. ನಾಲ್ಕನೆಯ ದಿನ ಕುತ್ತಿಗೆ ದಾಟಿತ್ತು. ಐದನೆಯ ದಿನದ ಚಿತ್ರದ ಮೇಲಿಂದ ಹೆಬ್ಬೆರಳು ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಡಾಕ್ಟರು ಒಂದೊಂದನ್ನೂ ಕನ್ನಡಕ ಇಳಿಸಿ ನೋಡಿದರು. "ಎರಡನೇ ದಿನ ಸಂಜೆ" ಎಂದು ಹಾಳೆಯಲ್ಲಿ ಬರೆದುಕೊಂಡರು. ಐದನೆಯದರ ಮುಂದೆ ನಿಂತರು. "ಇದನ್ನ ಹೀಗೇ ಕಳಿಸಿದ್ರೆ..." ಎಂದು ಶುರುಮಾಡಿ, ಅವನ ಮುಖ ನೋಡಿ, ಮುಗಿಸದೆ ಒಳಗೆ ಹೋದರು.

ಅವನು ಅಕ್ಕನಿಗೆ ಫೋನ್ ಮಾಡಿದ. ನಿಂತಲ್ಲೇ ಹೇಳಿದ, ಹೆಂಡತಿಗೂ ಅತ್ತೆಗೂ ಕೇಳುವ ಹಾಗೆ.

"ನಿಮ್ಮ ಕೈ ಮುರಿದು ಹಾಕ್ಬೇಕು ಅನ್ನಿಸ್ತಿದೆ" ಎಂದಳು ಅಕ್ಕ.

"ಹೂಂ."

"ಹೂಂ ಅನ್ಬೇಡಿ! ಈಗ ಹಾಲು ಕುಡಿಸ್ತಿದಾರಾ, ಡ್ರಿಪ್ ಹಾಕಿದಾರಾ? ಎಷ್ಟು ದೀಪ ಇಟ್ಟಿದಾರೆ? ಕೇಳಿ ಹೇಳಿ. ನಾನು ಮೂರು ಗಂಟೆ ಬಸ್ಸಿಗೆ ಹೊರಡ್ತೀನಿ."

ಆರು ಗಂಟೆ ಕಾಲ ಅವರು ಅಲ್ಲೇ ಕಾದರು. ಅತ್ತೆ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಹೆಂಡತಿ ಎರಡು ಸಲ ಎದೆಹಾಲು ಹಿಂಡಿ ಲೋಟದಲ್ಲಿ ಕೊಟ್ಟುಕಳಿಸಿದಳು. ಲೋಟ ಹಿಡಿಯಲು ಅವನು ಕೈ ಚಾಚಿದಾಗ ಅವಳು ಅದನ್ನು ಅತ್ತೆಯ ಕೈಗೆ ಕೊಟ್ಟಳು.

ರಾತ್ರಿ ಅಂಕಿ ಬಂತು. ಇಪ್ಪತ್ತೆರಡೂವರೆ.

"ಇಳಿದಿದೆ ಅಂತ ಕುಣಿಯೋ ಹಾಗಿಲ್ಲ" ಎಂದರು ಡಾಕ್ಟರು. "ಏರಿಲ್ಲ, ಅಷ್ಟೇ. ಹಳದಿಯಿಂದ ಮಿದುಳಿಗೆ ಏನಾದ್ರೂ ಪೆಟ್ಟಾಗಿದೆಯಾ ಅಂತ ಇವತ್ತೇ ಹೇಳಕ್ಕಾಗಲ್ಲ. ಕಾಯ್ಬೇಕು. ಒಬ್ಬರು ಒಳಗೆ ಹೋಗಿ ನೋಡ್ಕೊಂಡು ಬನ್ನಿ. ಒಬ್ಬರೇ."

ಹೆಂಡತಿ ಏಳಲು ಹೋಗಿ, ಬೆಂಚಿನ ಕೈಹಿಡಿ ಹಿಡಿದು ಹಾಗೆಯೇ ನಿಂತಳು. ಹೊಲಿಗೆ ಎಳೆಯಿತೇನೋ, ಮುಖ ಕಿವುಚಿದಳು. ಮತ್ತೆ ಕೂತಳು. ಮಧ್ಯಾಹ್ನದ ನಂತರ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ನೀವೇ ಹೋಗಿ. ಏನಿದೆಯೋ ಅದನ್ನ ಬಂದು ಹೇಳಿ."

ಒಳಗೆ ಎಲ್ಲವೂ ನೀಲಿ. ನರ್ಸಿನ ಬಟ್ಟೆ ನೀಲಿ, ಗೋಡೆ ನೀಲಿ, ಅವನ ಕೈ ನೀಲಿ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದ ಮಗು ಯಾವ ಬಣ್ಣವೆಂದು ಹೇಳುವ ದಾರಿಯೇ ಇರಲಿಲ್ಲ. ಅವನು ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡಿದ.

"ಇಲ್ಲಿ ಬಣ್ಣ ನೋಡಿ ಏನೂ ತಿಳಿಯಲ್ಲ" ಎಂದಳು ನರ್ಸು. "ಎಚ್ಚರ ಎಷ್ಟಿದೆ ಅಂತ ಇದ್ರಲ್ಲಿ ನೋಡಿ, ಕಾಲು ಎಳ್ಕೋಬೇಕು." ಅವಳು ಮಗುವಿನ ಹಿಮ್ಮಡಿಗೆ ಬೆರಳಿನಿಂದ ಟಪ್ಪೆಂದು ಹೊಡೆದಳು. ಕಾಲು ಮಡಿಚಿ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ಹೊಡೆದಳು. ಏನೂ ಆಗಲಿಲ್ಲ. ಮತ್ತೊಮ್ಮೆ ಹೊಡೆದಳು, ಕಾಲು ನಿಧಾನವಾಗಿ, ಬೇಸರದಿಂದ ಎಂಬಂತೆ, ಮಡಿಚಿಕೊಂಡಿತು.

ಅವನು ಹೊರಗೆ ಬಂದು ಹೆಂಡತಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತ.

"ಮೂರು ಸಲ ಹಿಮ್ಮಡಿಗೆ ಹೊಡೆದ್ರು. ಮೊದಲನೇ ಸಲ ಕಾಲು ಎಳ್ಕೊಂಡ್ಳು. ಎರಡನೇ ಸಲ ಇಲ್ಲ. ಮೂರನೇ ಸಲ ಎಳ್ಕೊಂಡ್ಳು, ಆದ್ರೆ ತಡವಾಗಿ."

"ಅತ್ತಳಾ?"

"ಇಲ್ಲ. ಅಳ್ಲಿಲ್ಲ."

ಅವಳು ತಲೆಯಾಡಿಸಿದಳು. ಮಡಿಲಲ್ಲಿದ್ದ ಕೈಯಲ್ಲಿ ಮೂರು ಹೊಡೆತಕ್ಕೆ ಮೂರು ಬೆರಳು ಬಿಡಿಸಿ, ಏನೂ ಆಗದ ನಡುವಿನದನ್ನು ಮಡಿಚಿದಳು. ಹಾಗೆ ಮಡಿಚಿದ ಬೆರಳು ಪಕ್ಕದ ಮೂರನೆಯ ಬೆರಳನ್ನೂ ಎಳೆಯುತ್ತಿತ್ತು. ಅವಳು ಆ ಮೂರನೆಯದನ್ನು ಇನ್ನೊಂದು ಕೈಯಿಂದ ಹಿಡಿದು, ನೆಟ್ಟಗೆ ನಿಲ್ಲಿಸಿಕೊಂಡು ಕೂತಳು.