ಬರ್ತೀನಿ ಅನ್ನದೆ ಎದ್ದವರು

ಕೊಟ್ಟೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವವರು ನಾಲ್ಕು ಮಂದಿ ಇದ್ದಾರೆ ಅಂತ ಜನ ಹೇಳುತ್ತಾರೆ. ಮೂವರು ತಂತಿ ಸುತ್ತುತ್ತಾರೆ, ನಿಜ. ಮೋಟಾರಿಗೆ ಜೀವ ಕೊಡುವವನು ಬಾಷಾ, ಅಂದರೆ ನಾನು, ಒಬ್ಬನೇ. ಮಾಗಳದಲ್ಲಿ ನಾನು ಕಟ್ಟಿದ ಮೋಟಾರು ಹೊಳೆಗೆ ಇಳಿಸಿದ ದಿನ ತುಂಗಭದ್ರೆ ಒಂದು ಗೇಣು ಬತ್ತಿತು. ಆಚೆ ದಂಡೆಯವರು ಜಗಳಕ್ಕೆ ಬಂದಿದ್ದರು. ನಂಬಿಕೆ ಬರದವರು ಮಾಗಳಕ್ಕೆ ಹೋಗಿ ಕೇಳಬಹುದು. ಇಲ್ಲಿವರೆಗೆ ಯಾರೂ ಹೋಗಿಲ್ಲ, ಅಂದರೆ ಎಲ್ಲರೂ ನಂಬಿದ್ದಾರೆ ಅಂತಲೇ ಅರ್ಥ.

ಇಂಥ ನನ್ನ ಅಂಗಡಿಯ ಮಾಳಿಗೆ ಮೇಲಿನ ಕೋಣೆಗೆ ಬಾಡಿಗೆಗೆ ಬಂದವನು ಮಕಾಮೆ. ಆಫ್ರಿಕಾದ ಮಗ್ಗುಲಿಗೆ ಜಂಜಿಬಾರ್ ಅಂತ ಒಂದು ನಡುಗಡ್ಡೆ ಇದೆಯಲ್ಲ, ಅಲ್ಲಿನವನು. ಊರ ಹೊರಗಿನ ಔಷಧಿ ಕಾಲೇಜಿನಲ್ಲಿ ಓದಲು ಸಮುದ್ರ ದಾಟಿ ಬಂದಿದ್ದ. ಎತ್ತರ ಎಷ್ಟೆಂದರೆ, ಅಂಗಳದಲ್ಲಿ ನಿಂತೇ ಮಾಳಿಗೆ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಹೇಳುತ್ತಿದ್ದ. ಊರಿಗೆಲ್ಲ ನಾನು ಹೇಳಿದ್ದು ಹಾಗೆ. ನಮ್ಮ ಬಾಗಿಲಿಗೆ ತಲೆ ತಗ್ಗಿಸುತ್ತಿದ್ದ ಅನ್ನುವಷ್ಟಂತೂ ಖರೆ.

ಬಂದ ಹೊಸದರಲ್ಲಿ ಅವನಿಗೆ ಯಾರೂ ಇರಲಿಲ್ಲ. ಜೊತೆಗೆ ಓದುವ ಹುಡುಗರು ಹರಪನಹಳ್ಳಿಯವರು, ಹಗರಿಬೊಮ್ಮನಹಳ್ಳಿಯವರು. ಕಾಲೇಜು ಬಿಟ್ಟ ಕೂಡಲೇ ಬಸ್ಸು ಹತ್ತಿ ತಂತಮ್ಮ ಮನೆ ಸೇರುತ್ತಿದ್ದರು. ಇವನು ಬ್ರೆಡ್ಡು ಬಾಳೆಹಣ್ಣು ತಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದ. ನಮ್ಮಮ್ಮ ಲಾಲ್ ಬೀ ಒಂದು ದಿನ ಸೂರು ನೋಡುತ್ತ ಅಂದಳು, "ಲೇ ಬಾಷಾ, ಮ್ಯಾಲೆ ಆ ಹುಡುಗ ಅದಾನೋ ಇಲ್ಲೋ. ಇಲಿಗಿರೋವಷ್ಟು ಸಪ್ಪಳನೂ ಇಲ್ಲ."

ಅವತ್ತೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಮೇಲಕ್ಕೆ ಹೋದವು. ತಾಟು ವಾಪಸು ಕೊಡಲು ಇಳಿದು ಬಂದವನು ಕಣ್ಣೀರು ಮೂಗುನೀರು ಸುರಿಸುತ್ತ ನಿಂತಿದ್ದ, ಚಟ್ನಿಯ ಖಾರ. ಅಮ್ಮ ನಗುತ್ತ ಬೆಲ್ಲ ಕೊಟ್ಟಳು. ಮಾತಿಗೆ ಕೂತರೆ ಅವನ ಸ್ವಾಹಿಲಿಯಲ್ಲೂ ದುನಿಯಾಕ್ಕೆ ದುನಿಯಾ ಅಂತಲೇ ಅನ್ನುತ್ತಾರೆ, ಸಾಬೂನಿಗೆ ಸಬುನಿ, ಕಿತಾಬಿಗೆ ಕಿತಾಬು. ಎಂಟೇ ದಿನದಲ್ಲಿ ನಾನು ಸ್ವಾಹಿಲಿ ಕಲಿತೆ ಅಂತ ಸಂತೆಯಲ್ಲೆಲ್ಲ ಸಾರಿದೆ. ನನಗೆ ಬರುತ್ತಿದ್ದದ್ದು ಆರು ಮಾತು. ಆರೂ ಅಮ್ಮನಿಗೆ ಮೊದಲೇ ಬರುತ್ತಿದ್ದವು.

ಅವನಿಗೆ ಕನ್ನಡ ಶುರುವಾದದ್ದೂ ಅಮ್ಮನಿಂದಲೇ. ಕಾಲೇಜಿಗೆ ಹೊರಟವನು ಬಾಗಿಲಲ್ಲಿ ನಿಂತು "ಹೋಗ್ತೀನಿ" ಅಂದ. ಅಮ್ಮ ಹಣೆ ಬಡಿದುಕೊಂಡಳು.

"ಹಂಗ ಅನಬಾರದಪ್ಪ. ಹೋಗ್ತೀನಿ ಅನ್ನೋದು ತಿರುಗಿ ಬರಲಾರದೋರ ಮಾತು. ಬರ್ತೀನಿ ಅನ್ನು."

"ಹೋಗೋವಾಗ ಬರ್ತೀನಿ ಅನ್ಬೇಕಾ?"

"ಹೂಂ. ಬರೋ ಮನಸ್ಸಿದ್ದೋರು ಹಂಗ ಅಂತಾರ."

ಆ ಒಂದು ಮಾತಿನಿಂದ ಹುಡುಗ ಊರು ಗೆದ್ದ. ಎದುರಿನ ಚಹಾದಂಗಡಿ ಮಾರಣ್ಣನಿಗೆ "ಬರ್ತೀನ್ರಿ", ಕಟಿಂಗ್ ಅಂಗಡಿ ಚನ್ನಬಸವನಿಗೆ "ಬರ್ತೀನ್ರಿ", ದಾರಿಯಲ್ಲಿ ಕಟ್ಟಿದ ಮೇಕೆಗೂ "ಬರ್ತೀನಿ". ಮಕಾಮೆ ಹೋಗಿ ಮಾಕಣ್ಣ ಆದ. "ಬಾರಪ್ಪ ಮಾಕಣ್ಣ" ಅಂತ ಓಣಿಯೇ ಅವನನ್ನು ಕಳಿಸುತ್ತಿತ್ತು. ಮಾರಣ್ಣನಂತೂ ಚಹಾ ಸೋಸುತ್ತ ನನಗೆ ಕೇಳಿಸುವಂತೆ ಅನ್ನುತ್ತಿದ್ದ, "ಈತ ಬರ್ತೀನಿ ಅಂದ್ರ ಸಂಜಿಗೆ ಬರ್ತಾನ. ನಮ್ಮ ಬಾಷಾ ನಾಳಿ ಮೋಟಾರ್ ಕೊಡ್ತೀನಿ ಅಂದು ತಿಂಗಳುಗಟ್ಟಲೆ ತಲಿ ತಪ್ಪಿಸ್ತಾನ. ಹಡಗು ಹತ್ತಿಸಬೇಕಾಗಿದ್ದು ಯಾರನ್ನ ಅಂತ ನೀವ ಹೇಳ್ರಿ."

ನನ್ನ ಮಾತನ್ನು ಪೂರಾ ನಂಬುತ್ತಿದ್ದವನು ಮಾಕಣ್ಣ ಒಬ್ಬನೇ. ಏನು ಹೇಳಿದರೂ ತಲೆಯಾಡಿಸುತ್ತಿದ್ದ. ಸಮುದ್ರದ ನೆನಪಾಗಿ ಮಂಕಾಗಿದ್ದ ಒಂದು ಭಾನುವಾರ, ಸಮುದ್ರಕ್ಕಿಂತ ದೊಡ್ಡದು ತೋರಿಸ್ತೀನಿ ಅಂತ ಗಾಡಿ ಹಿಂದೆ ಕೂಡಿಸಿಕೊಂಡು, ಇಟ್ಟಿಗಿ ಹಾದು, ಹಡಗಲಿ ದಾಟಿ ಮಾಗಳದ ಹೊಳೆಗೆ ಒಯ್ದೆ. ಹೊಳೆ ನೋಡಿದ. ತಲೆಯಾಡಿಸಿದ. ಕಾಲು ನೀರಿಗೆ ಬಿಟ್ಟು ಕೂತು ಫೋನಿನಲ್ಲಿ ಅವರಮ್ಮನಿಗೆ ಹೊಳೆ ತೋರಿಸಿದ. ಬಿಸಿಲಿಗೆ ಫೋನು ಹೊಳೆದು ನನಗೆ ಆಕೆಯ ಮುಖ ಕಾಣಲಿಲ್ಲ, ಹಳದಿ ಸೆರಗೊಂದು ಕಂಡಿತು. ಆಕೆ ಏನೋ ಅಂದಳು, ಇವನು ನಕ್ಕ.

"ಏನಂತಾರ ನಿಮ್ಮಮ್ಮ?"

"ಉಪ್ಪಿಲ್ಲದ ನೀರಾಗಿನ ಮೀನಿಗೆ ರುಚಿ ಎಲ್ಲಿಂದ ಬರುತ್ತೆ ಅಂತ ಕೇಳ್ತಾಳೆ."

ಆಕೆ ಸತ್ತದ್ದು ಮುಂದಿನ ಚಳಿಗಾಲದಲ್ಲಿ, ಒಂದು ಗುರುವಾರ. ಮುಂಜಾನೆ ಅವನ ಅಣ್ಣನ ಫೋನು ಬಂತು. ತಲೆ ಸುತ್ತುತ್ತದೆ ಅಂತ ಕೂತವಳು ಏಳಲಿಲ್ಲವಂತೆ. ಅದೇ ದಿನ ಮಧ್ಯಾಹ್ನಕ್ಕೆ ಮಣ್ಣು. ಇಲ್ಲಿಂದ ಬೆಂಗಳೂರು, ಅಲ್ಲಿಂದ ಒಂದು ವಿಮಾನ, ಮತ್ತೊಂದು ವಿಮಾನ; ಇವನು ಇಲ್ಲೇ ಮಗ್ಗುಲಿನ ಹೊಸಹಳ್ಳಿ ದಾಟುವುದರೊಳಗೆ ಅಲ್ಲಿ ಎಲ್ಲ ಮುಗಿದಿರುತ್ತಿತ್ತು. ಅಣ್ಣನೂ ಬರಬೇಡ ಅಂದ. ಮಾಕಣ್ಣ ಮೆಟ್ಟಿಲ ಮೇಲೆ ಕೂತು, ಫೋನು ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತಿದ್ದ.

ನಾನೋ, ಕೈ ಮಸಿ ಒರೆಸಿಕೊಳ್ಳುತ್ತ ನಿಂತೆ. ಅಮ್ಮ ಮಾತ್ರ ಸೀದಾ ಮೇಲೆ ಹತ್ತಿ ಅವನ ಸಣ್ಣ ಗ್ಯಾಸ್ ಒಲೆಯನ್ನೇ ಎತ್ತಿಕೊಂಡು ಕೆಳಗೆ ಬಂದಳು.

"ಅದ್ಯಾಕಮ್ಮ ತಂದಿ?"

"ತಾಯಿ ಸತ್ತಾಳ, ಮಗ ಇಲ್ಲಿ ಅದಾನ. ಮತ್ತ ಸಾವಿನ ಮನಿ ಇದ ಅಲ್ಲೇನು? ಸಾವಿನ ಮನ್ಯಾಗ ಮೂರು ದಿನ ಒಲಿ ಹಚ್ಚಂಗಿಲ್ಲ. ಹೋಗು, ಓಣಿಗೆ ಹೇಳಿ ಬಾ."

ಹೇಳುವುದು ನನಗೆ ಕಲಿಸಬೇಕೆ. ಕೂಡ್ಲಿಗಿವರೆಗೆ ಸುದ್ದಿ ಮುಟ್ಟಿಸಿದೆ. ಜಂಜಿಬಾರಿನ ಹಡಗುಗಳೆಲ್ಲ ಇವತ್ತು ದಡದಲ್ಲೇ ನಿಂತಿವೆ ಅಂತ ಕೂಡ ಸೇರಿಸಿದೆ. ಮಾರಣ್ಣನ ಹೆಂಡತಿ ದ್ಯಾಮಕ್ಕ ಅನ್ನ ಸಾರು ತಂದಳು. ಚನ್ನಬಸವ ಅಂಗಡಿ ಮುಚ್ಚಿ ಬಂದ. ಮಸೀದಿಯ ಹಿರಿಯರು ಕಮಾಲಸಾಬರು, ಮಂಡಿನೋವಿನವರು, ಒಂದೊಂದೇ ಮೆಟ್ಟಿಲು ಹತ್ತಿ ಬಂದು ದುವಾ ಮಾಡಿದರು. ಕೋಣೆ ತುಂಬಿ ಮೆಟ್ಟಿಲವರೆಗೆ ಜನ. ಮಾರಣ್ಣ ಅವನ ಕೈ ಹಿಡಿದುಕೊಂಡು ಕೂತಿದ್ದ. ಹೊತ್ತು ಮುಳುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದರು.

ಸಾವಿನ ಮನೆಯಿಂದ ಏಳುವಾಗ ನಮ್ಮ ಕಡೆ ಯಾರೂ ಬರ್ತೀನಿ ಅನ್ನುವುದಿಲ್ಲ. ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದಹಾಗೆ. ಬಾಯಿ ತೆರೆಯದೆ ಎದ್ದು, ಹಿಂದಕ್ಕೆ ನೋಡದೆ, ಚಪ್ಪಲಿ ಮೆಟ್ಟಿ ನಡೆಯಬೇಕು. ಮಾರಣ್ಣನ ಮನೆಯಲ್ಲೂ ಅದೇ, ನಮ್ಮಲ್ಲೂ ಅದೇ. ಎಲ್ಲರೂ ಹಾಗೇ ಇಳಿದು ಹೋದರು. ಕಡೆಗೆ ನಾನೂ ಎದ್ದೆ. ಕೆಳಗೆ ಬಂದು ಕೂಡ್ಲಿಗಿ ಕಾಡಿನ ಕರಡಿಗಳು ನಾಚುವಂತೆ ಗೊರಕೆ ಹೊಡೆದೆ.

ಬೆಳಿಗ್ಗೆ ಚಹಾ ತೆಗೆದುಕೊಂಡು ಮೇಲೆ ಹೋದರೆ ಬಾಗಿಲು ಪೂರ್ತಿ ತೆರೆದಿತ್ತು. ಕೋಣೆಯ ನೆಲ ಕಾಣುತ್ತಿರಲಿಲ್ಲ. ಇದ್ದ ಎರಡು ಚಾಪೆ, ಹೊದಿಕೆ, ಕಿಟಕಿಯ ಪರದೆ, ಕಾಲೇಜಿನ ಬಿಳಿ ಕೋಟು, ಎಲ್ಲವನ್ನೂ ಗೋಡೆಯಿಂದ ಗೋಡೆಗೆ ಹಾಸಿದ್ದ. ಲುಂಗಿ, ಅಂಗಿಗಳನ್ನು ಸುತ್ತಿ ತಲೆದಿಂಬು ಮಾಡಿ ಸಾಲಾಗಿ ಇಟ್ಟಿದ್ದ. ಮಗ್ಗುಲಿಗೆ ನೀರಿನ ಕೊಡ, ಮುಚ್ಚಿಟ್ಟ ಲೋಟ. ಯಾವ ಹಾಸಿಗೆಯೂ ಸುಕ್ಕಾಗಿರಲಿಲ್ಲ. ಅವನು ಹೊಸ್ತಿಲ ಹತ್ತಿರ ಬರಿಯ ನೆಲದ ಮೇಲೆ, ತಣ್ಣನೆ ಗಾಳಿಗೆ, ಎಚ್ಚರವಾಗಿಯೇ ಕೂತಿದ್ದ.

"ಇದೇನಲೇ ಮಾಕಣ್ಣ, ಯಾರಿಗೆ ಹಾಸಿದಿ?"

"ನಿಮಗೆ."

ಚಹಾದ ಲೋಟ ಅವನ ಮುಂದಿಟ್ಟೆ.

"ನಮ್ಮಲ್ಲಿ ಸಾವಿನ ಮನೆಗೆ ಬಂದವರು ಅಲ್ಲೇ ಮಲಗ್ತಾರೆ," ಅಂದ. "ಮೂರು ರಾತ್ರಿ. ಮೊದಲನೇ ರಾತ್ರಿ ತುಂಬ ಜನ. ಸತ್ತವರಿಗೆ ಅದು ಮಣ್ಣಾಗಿನ ಮೊದಲನೇ ರಾತ್ರಿ. ಮನೆಯವರನ್ನ ಒಬ್ಬರೇ ಬಿಡಲ್ಲ."

"ನೀ ಒಂದು ಮಾತು ಕರೀಬಾರದಾಗಿತ್ತೇನಪ್ಪ, ನಾನು ಇಲ್ಲೇ ಕೆಳಗಿದ್ದೆ."

"ನೀವು ಹೋಗಿದ್ದೀರಿ ಅಂತ ಗೊತ್ತಾಗಲಿಲ್ಲ. ಯಾರೂ ಬರ್ತೀನಿ ಅನ್ನಲಿಲ್ಲ. ಊಟಕ್ಕೆ ಇಳಿದಿದ್ದಾರೆ ಅಂದ್ಕೊಂಡೆ. ಆಮೇಲೆ, ಹಾಸಿಗೆ ತರೋಕೆ ಹೋಗಿದ್ದಾರೆ ಅಂದ್ಕೊಂಡೆ. ಆಮೇಲೆ ಬೆಳಕು ಆಯ್ತು."

ನಮ್ಮ ಪದ್ಧತಿ ಹೇಳಿದೆ. ಕೇಳಿಸಿಕೊಂಡ, ಎಂದಿನಂತೆ ತಲೆಯಾಡಿಸಿದ. ಎದ್ದು ಹಾಸಿಗೆ ಮಡಚಲು ಶುರು ಮಾಡಿದ. ಮಡಚಬೇಡ ಅಂದು ಕೆಳಗಿಳಿದೆ.

ಮಾರಣ್ಣನ ಅಂಗಡಿಯಲ್ಲಿ ಇದ್ದದ್ದು ಇದ್ದಹಾಗೆ ಹೇಳಿದೆ. ಅವನು ಸೋಸುವುದನ್ನು ನಿಲ್ಲಿಸಿದ.

"ಇಡೀ ರಾತ್ರಿ ಕೂತಿದ್ನಾ?"

"ಇಡೀ ರಾತ್ರಿ."

"ಏಳು ಊರಿನ ಸುದ್ದಿ ನಿನ್ನ ನಾಲಿಗಿ ಮ್ಯಾಲೆ ಇರ್ತೈತಿ," ಅಂದ ಮಾರಣ್ಣ. "ತಲಿ ಮ್ಯಾಲೆ ಕೂತೋನ ಸುದ್ದಿ ಗೊತ್ತಾಗಲಿಲ್ಲ."

ಹಾಗಂದವನೂ ರಾತ್ರಿ ತನ್ನ ಮನೆಯಲ್ಲೇ ಮಲಗಿದ್ದ.

ಆ ಸಂಜೆ ಮಾರಣ್ಣ ಕಂಬಳಿ ಹೊತ್ತು ಬಂದ. ಚನ್ನಬಸವ ದಿಂಬು ತಂದ. ಕಮಾಲಸಾಬರು ಮಂಡಿಗೆ ಎಣ್ಣೆ ಹಚ್ಚಿಕೊಂಡೇ ಬಂದಿದ್ದರು. ಬೇರೆಯವರು ಕೆಲಸ, ದನ, ಮಕ್ಕಳು ಅಂತ ಮನೆಯಲ್ಲೇ ಉಳಿದರು. ನಾವು ಅವನು ಹಾಸಿದ್ದರ ಮೇಲೆ ಕೂತೆವು. ಅರ್ಧಕ್ಕಿಂತ ಹೆಚ್ಚು ಹಾಸಿಗೆ ಖಾಲಿಯೇ ಇತ್ತು. ಸಾವಿನ ಮನೆ ಅಂತ ಎಲ್ಲರೂ ಬಾಯಿ ಹೊಲಿದುಕೊಂಡಿದ್ದೆವು. ಮಾಕಣ್ಣನೇ ಮೊದಲು ಮಾತಾಡಿದ.

"ನಮ್ಮಲ್ಲಿ ಈ ಹೊತ್ತಿಗೆ ಸತ್ತವರ ಮಾತು ಆಡ್ತಾರೆ. ಇಲ್ಲಿ ಆಕೆಯನ್ನ ನೋಡಿದವರು ಯಾರೂ ಇಲ್ಲ."

"ನಾನು ನೋಡೀನಿ," ಅಂದೆ.

"ಲೇ ಬಾಷಾ," ಅಂದ ಮಾರಣ್ಣ ಮೆಲ್ಲಗೆ, "ಇವತ್ತು ಬ್ಯಾಡ."

ನನಗೆ ಬೇರೆ ಏನು ಬರುತ್ತದೆ. ಶುರು ಮಾಡಿಯೇ ಬಿಟ್ಟೆ. "ಮಾಕಣ್ಣನ ತಾಯಿ ಇವನಕಿಂತ ಎತ್ತರ. ದಂಡಿಮ್ಯಾಲೆ ನಿಂತು ಹಡಗಿನ ಹಗ್ಗ ಒಂದ ಕೈಲೆ ಎಳೀತಿದ್ಲು."

"ಇಲ್ಲ," ಅಂದ ಮಾಕಣ್ಣ.

ಒಂದೂವರೆ ವರ್ಷದಲ್ಲಿ ನನಗೆ ಅವನು ಇಲ್ಲ ಅಂದದ್ದು ಅದೇ ಮೊದಲು.

"ಕುಳ್ಳಿ. ಇಲ್ಲಿಗೆ ಬರ್ತಿದ್ಲು," ಅಂತ ಎದೆಯ ಮೇಲೆ ಕೈ ಇಟ್ಟು ತೋರಿಸಿದ.

"ಇರಬಹುದು. ಆದ್ರ ಅಡಿಗಿಯಾಗ? ಆಕಿ ಅನ್ನದ ವಾಸನಿಗೆ ಮೀನು ತಾವ ದಂಡಿಗೆ ಬರ್ತಿದ್ವು."

"ಇಲ್ಲ. ಅನ್ನ ಯಾವಾಗಲೂ ಸೀಯಿಸ್ತಿದ್ಲು. ಸಮುದ್ರದಾಗ ಪಾಚಿ ಬೆಳೀತಿದ್ಲು, ಮಾರೋಕೆ. ನೀರು ಹಿಂದೆ ಸರಿದಾಗಲೇ ಹೋಗ್ಬೇಕು, ಒಲೆ ಮೇಲೆ ಅನ್ನ ಇದ್ರೂ ಬಿಟ್ಟು ಓಡ್ತಿದ್ಲು."

"ನೀರಾಗ ಬೆಳೀನಾ?" ಚನ್ನಬಸವ ಎದ್ದು ಕೂತ.

"ಹೂಂ. ಗೂಟ ಹೊಡೆದು, ಹಗ್ಗ ಕಟ್ಟಿ, ಹಗ್ಗಕ್ಕೆ ಸಸಿ ಕಟ್ತಾರೆ."

"ನಡಾ ಬಗ್ಗಿಸಬೇಕೇನು?" ಕಮಾಲಸಾಬರು ಕೇಳಿದರು.

"ದಿನಾ. ಸೊಂಟದವರೆಗೆ ನೀರು. ಕಾಲಿನ ಬೆರಳು ಯಾವಾಗಲೂ ಬೆಳ್ಳಗಾಗಿರ್ತಿದ್ವು."

ಮಾತು ಬರುತ್ತಿತ್ತು. ನಾನು ಸುಳ್ಳು ಇಡುತ್ತಿದ್ದೆ, ಅವನು ಅದನ್ನು ತೆಗೆದು ಆ ಜಾಗದಲ್ಲಿ ತಾಯಿಯನ್ನು ಇಡುತ್ತಿದ್ದ. ಆಕೆಗೆ ಬೈಗುಳ ಬರುತ್ತಿರಲಿಲ್ಲ. ಬೆಕ್ಕಿಗೆ ಹೆದರುತ್ತಿದ್ದಳು. ಇವನು ಹೊರಟ ದಿನ ಬಂದರಿಗೆ ಬರಲಿಲ್ಲ, ಅವತ್ತೂ ನೀರು ಹಿಂದೆ ಸರಿದಿತ್ತು. ನಮಗೆಲ್ಲ ಆಕೆ ಕಾಣತೊಡಗಿದ್ದಳು, ಹಳದಿ ಸೆರಗಿನ ಕುಳ್ಳ ಹೆಂಗಸು. ನಾನು ಮತ್ತೊಂದು ಬಿಟ್ಟೆ.

"ಆದ್ರ ದನಿ ಅಂದ್ರ ಆಕಿದು. ನೀರಾಗ ನಿಂತು ಮಗನ್ನ ಕೂಗಿದ್ರ ಊರಿನ ಹುಡುಗರೆಲ್ಲ ಎದ್ದು ಓಡಿ ಬರ್ತಿದ್ರು."

"ಇಲ್ಲ," ಅಂದ. "ಆಕೆ ಕೂಗ್ತಿರಲಿಲ್ಲ. ಕರೀಬೇಕಾದ್ರೆ ಅಂಗೈಯಿಂದ ನೀರು ಬಡೀತಿದ್ಲು. ಹಿಂಗೆ."

ಅಂಗೈ ಚಪ್ಪಟೆ ಮಾಡಿ ಚಾಪೆಯ ಮೇಲೆ ಎರಡು ಸಲ ಬಡಿದ. ಸ್ವಲ್ಪ ತಡೆದು, ಮತ್ತೆ ಎರಡು ಸಲ.

ಮತ್ತೆ ಬಡಿದ. ಈಗ ನಮಗೆ ತೋರಿಸುತ್ತಿರಲಿಲ್ಲ, ಕರೆಯುತ್ತಿದ್ದ. ಕಿವಿಗೊಟ್ಟು ತಲೆ ಬಾಗಿಸಿದ್ದ. ಮಾರಣ್ಣ ಅವನ ಕೈ ಹಿಡಿಯಲು ಹೋದ. ಕಮಾಲಸಾಬರು ಬೇಡ ಅಂತ ಸನ್ನೆ ಮಾಡಿದರು. ಅವನು ಬಡಿಯುತ್ತಲೇ ಇದ್ದ, ನಾವು ಕೂತು ಕೇಳುತ್ತಿದ್ದೆವು.