ಪಂಚಮಿಗೆ ರೂಮ್ ಖಾಲಿ ಇಲ್ಲ

ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆದೊಯ್ಯಲು ಹೊಳೆಯಪ್ಪ ಶಿರಗುಪ್ಪಿಯಿಂದ ರಾಯಾಪುರಕ್ಕೆ ಬಂದಾಗ, ಅಕ್ಕ ರಜನಿ ಹಿತ್ತಲ ಕಟ್ಟೆಯ ಮೇಲೆ ಕೂತು ಯಾರದೋ ಮನೆಯ ಮಗಳ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಮಗಳು ಪುಣೆಯಿಂದ ಬಂದವಳು, ಹೆಸರು ಸುರಭಿ. ಕಣ್ಣು ಮುಚ್ಚಿ, ಕೊರಳು ಸಡಿಲ ಬಿಟ್ಟು ಹಸುಗೂಸಿನಂತೆ ಕೂತಿದ್ದಳು. ಅವಳ ಗೆಳತಿಯರು ಮೂವರು ಟವೆಲ್ ಹೆಗಲಿಗೆ ಹಾಕಿಕೊಂಡು ತಮ್ಮ ಪಾಳಿ ಕಾಯುತ್ತಿದ್ದರು.

"ಅಕ್ಕಾ, ಇನ್ನೂ ಚೀಲಾ ಕಟ್ಟಿಲ್ಲೇನ?"

"ಹ್ಯಾಂಗ ಕಟ್ಟಲೋ ತಮ್ಮಾ? ನಾಕ ಮಂದಿ ಬಂದಾರ. ಹಬ್ಬಾ ಮುಗಿಯೂತನಕಾ ಇರ್ತಾರ."

"ಹ್ವಾದ ವರ್ಷಾನೂ ಇದನ್ನ ಹೇಳಿದಿ. ಅದರ ಹಿಂದಿನ ವರ್ಷಾನೂ ಇದನ್ನ. ಈ ಸಲ ಬರೇ ಕೈಲೆ ಬಂದ್ರ ನನ್ನ ಒಳಗ ಬಿಡೂದಿಲ್ಲಂತ ಅವ್ವ ಹೇಳ್ಯಾಳ."

ಸುರಭಿ ಒಂದು ಕಣ್ಣು ತೆರೆದಳು. "ಯಾರ್ರೀ ಅಕ್ಕಾ ಇವರು?"

"ನಮ್ಮ ತಮ್ಮ. ಪಂಚಮಿಗೆ ಕರಿಯಾಕ ಬಂದಾನ."

"ಅಯ್ಯ, ನಿಮಗೂ ತವರ ಐತೇನ್ರಿ?" ಎಂದಳು ಸುರಭಿ. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಊಟ ಬಡಿಸುವವಳಿಗೂ ಹಸಿವಿರುತ್ತದೆ ಎಂಬುದು ಉಣ್ಣುವವರಿಗೆ ನೆನಪಾಗುವುದಿಲ್ಲ, ಅಷ್ಟೇ.

ರಜನಿ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.

ಈ ಗಂಟು ಅವಳ ಕೈಯಿಂದಲೇ ಬಿದ್ದದ್ದು. ಅವಳ ಗಂಡ ರಾಜಶೇಖರನದು ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ. ಮನೆಯ ಮೇಲಿನ ಮೂರು ಕೋಣೆ ಸುಮ್ಮನೆ ಬಿದ್ದಿದ್ದವು. ಊರಿಗೆ ಬಂದವರು ತಂಗಲಿ ಎಂದು ಅವನ್ನು ಫೋನಿನ ಒಂದು ಆಪಿಗೆ ಹಾಕಿದ. ಎಸಿ ಇದೆ, ವೈಫೈ ಇದೆ, ಗಾಡಿ ನಿಲ್ಲಿಸಲು ಜಾಗ ಇದೆ ಎಂದು ಬರೆದ. ಟೈಲ್ಸಿನ ಮನುಷ್ಯನಾದ್ದರಿಂದ ಅವನು ತೆಗೆದ ಫೋಟೋಗಳಲ್ಲಿ ಅರ್ಧ ನೆಲದವು, ಉಳಿದರ್ಧ ಬಚ್ಚಲಮನೆಯವು. ಔಷಧ ಕಂಪನಿಯ ಸೇಲ್ಸ್‌ಮನ್ ಒಬ್ಬ ಬಂದು ಮಲಗಿ ಎದ್ದು ಹೋದ. ಆಮೇಲೆ ಮಳೆಗಾಲ ಮುಗಿದರೂ ಯಾರೂ ಬರಲಿಲ್ಲ.

ರಜನಿ ವಿಚಾರ ಮಾಡಿದಳು. ರಾಯಾಪುರದಲ್ಲಿ ಸಮುದ್ರವಿಲ್ಲ, ಗುಡ್ಡವಿಲ್ಲ. ಹೆದ್ದಾರಿಯ ಗದ್ದಲ ಬೇಕಾದಷ್ಟಿದೆ. ಮತ್ತೆ ಯಾಕೆ ಬಂದಾರು? ಕೈಯಲ್ಲಿ ನಾಲ್ಕು ಕಾಸಿದ್ದರೆ ತಾನು ಏನನ್ನು ಕೊಂಡೇನು ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಸಿಕ್ಕಿದ ದಿನವೇ ಗಂಡನ ಫೋಟೋಗಳನ್ನೆಲ್ಲ ಅಳಿಸಿದಳು. ಹಾಸಿಗೆಯಲ್ಲಿ ಮುಸುಕು ಹೊದ್ದು ಯಾರೋ ಮಲಗಿದ್ದಾರೆ, ಕಿಟಕಿಯಲ್ಲಿ ಹೊತ್ತು ಏರಿದೆ, ಅಂಥದೊಂದು ಚಿತ್ರ ಹಾಕಿದಳು. ಬುಟ್ಟಿ ತುಂಬ ರೊಟ್ಟಿಯದು ಇನ್ನೊಂದು. ಹೆಸರು 'ತವರುಮನಿ' ಎಂದಿಟ್ಟಳು. ಕೆಳಗೆ, "ಬರ್ರಿ, ಎಣ್ಣಿ ಹಚ್ಚಿ ಎರೀತೇವಿ. ಬಿಸಿ ರೊಟ್ಟಿ ಹಾಕತೇವಿ. ನಿಮ್ಮನ್ನ ಯಾರೂ ಎಬ್ಬಸೂದಿಲ್ಲ, ಯಾರೂ ಕೆಲಸಾ ಹೇಳೂದಿಲ್ಲ" ಎಂದು ಬರೆದಳು.

ಮೊದಲು ಬಂದವಳು ಹೊರಟು ನಿಂತಾಗ ರಜನಿಗೆ ಮನಸ್ಸು ತಡೆಯಲಿಲ್ಲ. ತವರುಮನೆ ಎಂದು ಹೆಸರಿಟ್ಟ ಮನೆಯಿಂದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋದರೆ ಹೇಗೆ? ಮಣೆ ಹಾಕಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಒಂದು ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ಆ ಹೆಂಗಸು ಗೊಳೋ ಎಂದು ಅತ್ತಳು, ಊರಿಗೆ ಹೋಗಿ ಆಪಿನಲ್ಲಿ ಅದನ್ನೇ ಬರೆದಳು. ಅಲ್ಲಿಂದ ಮುಂದೆ ಬಂದವರೆಲ್ಲ ಉಡಿ ತುಂಬಿಸಿಕೊಳ್ಳಲೆಂದೇ ಬಂದರು. ಅತ್ತೆ ಚನ್ನಬಸವ್ವ ರೊಟ್ಟಿ ಬಡಿದುಕೊಡುತ್ತಿದ್ದಳು. ಆದರೆ ಗಂಡ ತೀರಿದ ಮೇಲೆ ತಾನು ಉಡಿ ತುಂಬಬಾರದು ಎಂಬುದು ಅವಳ ಹಟ; ರಜನಿ ಎಷ್ಟು ಹೇಳಿದರೂ ಕೇಳಲಿಲ್ಲ. ಹೀಗಾಗಿ ಕಳಿಸುವ ದಿನ ರಜನಿ ಇರಲೇಬೇಕು. ವಾರದಲ್ಲಿ ಯಾರಾದರೂ ಹೊರಡುವವರು ಇದ್ದೇ ಇರುತ್ತಿದ್ದರು.

ಲಾಡ್ಜ್ ಎಂದಿದ್ದರೆ ಬಾಗಿಲು ಹಾಕಬಹುದಿತ್ತು. ತವರುಮನೆಗೆ ಬರುತ್ತೇನೆಂದ ಹೆಣ್ಣಿಗೆ ಬರಬೇಡ ಎನ್ನಲು ಯಾರ ನಾಲಿಗೆ ಏಳುತ್ತದೆ? ಅದರಲ್ಲೂ ಪಂಚಮಿಗೆ! ಈ ಸೀಮೆಯಲ್ಲಿ ಮುದುಕಿಯರೂ ತವರಿನ ದಾರಿ ನೋಡುವ ಹಬ್ಬ ಅದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಪ್ಪ ಮಾತು ತೆಗೆದ.

"ಮಾಮಾರ, ಹಬ್ಬದ ಮಟ್ಟಿಗೆ ಅಕ್ಕನ್ನ ಕಳಸ್ರಿ."

"ನಾ ಏನ ಕಟ್ಟಿ ಹಾಕೇನೇನಪಾ? ಕರಕೊಂಡ ಹೋಗು," ಎಂದ ರಾಜಶೇಖರ. "ಆದ್ರ ಮ್ಯಾಲ ಇದ್ದವರಿಗೆ ಎರಿಯೂದು ಯಾರು? ಉಡಿ ತುಂಬೂದು ಯಾರು? ನಾ ಸೀರಿ ಉಟಗೊಂಡ ಕುಂದರ್ಲೇನ?"

"ನೀ ಸೀರಿ ಉಟ್ರ ಮಂದಿ ರೊಕ್ಕಾ ವಾಪಸ್ ಕೇಳತಾರ," ಎಂದಳು ಚನ್ನಬಸವ್ವ ಒಲೆಯ ಮುಂದಿನಿಂದ.

ರಜನಿ ನಗಲಿಲ್ಲ. "ಹಬ್ಬದ ದಿವಸಾ ನಾ ಆಪಿನ್ಯಾಗ ಬಂದ್ ಮಾಡಿಟ್ಟಿದ್ದೆ. ತಗದವರು ಯಾರು?"

"ನಾನ ತಗದೆ. ತವರುಮನಿ ಅಂತ ಹೆಸರಿಟ್ಟು ಪಂಚಮಿಗೆ ಕೀಲಿ ಹಾಕಿದ್ರ ಮಂದಿ ಯಾತರಿಂದ ನಗಬೇಕ?"

"ನನಗೊಂದ ಮಾತ ಕೇಳಬಾರದಾಗಿತ್ತೇನ್ರಿ?"

"ಕೇಳಿದ್ರ ಬ್ಯಾಡ ಅಂತಿದ್ದಿ." ರಾಜಶೇಖರನ ಧ್ವನಿ ಮೆತ್ತಗಾಯಿತು. "ಈಗ ನಾವಾಗೇ ಕ್ಯಾನ್ಸಲ್ ಮಾಡಿದ್ರ ಆಪಿನವರು ನಮ್ಮನ್ನ ಎಲ್ಲಾರಕಿಂತ ಕೆಳಗ ಒಗೀತಾರ. ಹುಡುಕಿದ್ರೂ ಕಾಣೂದಿಲ್ಲ. ಬುಕ್ಕಿಂಗ್ ಆದವರನ್ನ ಕಳಸಾಕ ಬರೂದಿಲ್ಲ ರಜನಿ. ಇಷ್ಟೆಲ್ಲಾ ಕಟ್ಟಿದಾಕಿ ನೀನ. ನೀನ ಕೆಡವತೇನಿ ಅಂದ್ರ ಕೆಡವು, ನಾ ಬ್ಯಾಡ ಅನ್ನೂದಿಲ್ಲ."

ಅವನು ಬೈದಿದ್ದರೆ ಸಿಟ್ಟು ಮಾಡಿಕೊಂಡು ಹೊರಡಬಹುದಿತ್ತು. ಹೀಗೆ ಖರೇ ಮಾತಾಡಿ ಕಟ್ಟಿಹಾಕುವವರ ಕೈಯಿಂದ ಬಿಡಿಸಿಕೊಳ್ಳುವುದು ಕಷ್ಟ.

ಉಂಡ ಮೇಲೆ ರಜನಿ ಮೆಟ್ಟಿಲು ಹತ್ತಿದಳು. ಆ ನಾಲ್ವರಿಗೆ ಹೇಗಾದರೂ ತಿಳಿಸಿ ಹೇಳೋಣ, ಒಂದು ದಿನ ಮೊದಲು ಹೋಗಿರೆಂದು ಕೇಳೋಣ ಎಂದುಕೊಂಡಿದ್ದಳು. ಸುರಭಿ ಒದ್ದೆ ಕೂದಲು ಹರವಿಕೊಂಡು ಕಿಟಕಿಯಲ್ಲಿ ಕೂತಿದ್ದಳು.

"ಬರ್ರಿ ಅಕ್ಕಾ. ನಾ ಧಾರವಾಡ ಮಾಳಮಡ್ಡಿಯಾಕೀನ್ರಿ, ಹೇಳಿದ್ನಿಲ್ಲೋ? ಅವ್ವ ತೀರಿದ ಮ್ಯಾಲ ಅಣ್ಣಗೋಳು ಮನಿ ಮಾರಿದ್ರು. ಈಗ ಅಲ್ಲೆ ಅಪಾರ್ಟ್‌ಮೆಂಟ್ ಆಗೇತಂತ, ನೋಡಾಕೂ ಹೋಗಿಲ್ಲ. ಮಲಕೊಂಡಿದ್ದ ಆ ಫೋಟೋ ನೋಡಿ ಇವರನ್ನೆಲ್ಲಾ ಹೊಂಡಿಸಿಕೊಂಡ ಬಂದೆ. ಇವರೂ ನನ್ನಂಥವರ."

ರಜನಿ ಹೇಳಬೇಕೆಂದು ಬಂದ ಮಾತು ಹೇಳದೆ, ಸುರಭಿಯ ಒದ್ದೆ ಟವೆಲ್ ಎತ್ತಿಕೊಂಡಳು. ಆ ಫೋಟೋದಲ್ಲಿ ಮುಸುಕು ಹೊದ್ದು ಮಲಗಿದವಳು ತಾನೇ, ಅದೂ ಫೋಟೋ ತೆಗೆಯುವಷ್ಟೇ ಹೊತ್ತು ಎಂದೂ ಹೇಳಲಿಲ್ಲ.

ಇವರನ್ನು ಕಳಿಸಲಾರಳು, ತಾನು ಬಿಟ್ಟು ಹೋಗಲಾರಳು. ಹಾಗಾದರೆ ಉಳಿದದ್ದು ಒಂದೇ ದಾರಿ. ಕೆಳಗೆ ಬಂದವಳೇ ತಮ್ಮನಿಗೆ, "ಒಂದ ಕ್ರೂಸರ್ ಗಾಡಿ ಹೇಳೋ. ಎಲ್ಲಾರೂ ಕೂಡೇ ಶಿರಗುಪ್ಪಿಗೆ ಹೋಗೂಣು. ತವರುಮನಿ ಬೇಕಂತ ಬಂದಾರಲ್ಲಾ, ಖರೇದ್ದ ತೋರಸತೇನಿ," ಎಂದಳು.

ರಾಜಶೇಖರ ತಟ್ಟೆ ತೊಳೆಯುವುದನ್ನೂ ಬಿಟ್ಟು, "ಶಾಬಾಶ್! ಇದು ನನಗ ಹೊಳೀಲಿಲ್ಲ ನೋಡು," ಎಂದ. ಗಂಡ ಇಷ್ಟು ಲಗೂನೆ ಒಪ್ಪಿದ ಮಾತನ್ನು ಒಮ್ಮೆ ತಿರುವಿ ನೋಡಬೇಕಾಗಿತ್ತು. ತವರಿಗೆ ಹೊರಟ ಹಿಗ್ಗಿನಲ್ಲಿ ರಜನಿ ನೋಡಲಿಲ್ಲ.

ಶಿರಗುಪ್ಪಿಯಲ್ಲಿ ಅವ್ವ ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ರಜನಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟ ಸೊರಗೀಯವ್ವಾ," ಎಂದಳು. ಅಷ್ಟರಲ್ಲಿ ಹಿಂದೆ ನಾಲ್ವರು ಇಳಿಯುವುದು ಕಂಡಿತು. ಅವ್ವನ ಕೈ ಸಡಿಲಾಯಿತು. "ಬರ್ರೆವ್ವಾ, ಬರ್ರಿ, ಬಿಸಿಲಾಗ ಬಂದೀರಿ. ರಜನಿ, ನಿಂತ ಏನ ನೋಡ್ತಿ? ನೀರ ಕೊಡವ್ವಾ ಅವರಿಗೆ."

ಆ ರಾತ್ರಿ ಹಾಸಿಗೆ ಹಾಸಿದವಳು ರಜನಿ. ಮರುದಿನ ಬೆಳಕು ಹರಿಯುವ ಮೊದಲು ಅವ್ವ ಭುಜ ಅಲುಗಿಸಿದಳು. "ಏಳವ್ವಾ. ಆ ಹುಡುಗ್ಯಾರಿಗೆ ನೀರ ಕಾಯಬೇಕು, ಉಂಡಿ ಕಟ್ಟೂದ ಐತಿ. ನಾ ಒಬ್ಬಾಕಿ ಏನೇನ ಮಾಡ್ಲಿ?"

"ಅವರೂ ಏಳಲಿ ಬಿಡವಾ."

"ಅವರ್ಯಾಕ ಏಳಬೇಕ? ಬಂದವರು ಅವರು. ನೀ ಮನಿ ಮಗಳು."

ರಜನಿ ಎದ್ದಳು. ಎಳ್ಳುಂಡಿ, ಶೇಂಗಾ ಉಂಡಿ, ಗುಳ್ಳಡಕಿ ಉಂಡಿ ಕಟ್ಟಿದಳು. ಅವ್ವ ಸುರಭಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದರೆ ರಜನಿ ಹಂಡೆಯ ಒಲೆಗೆ ಕಟ್ಟಿಗೆ ಹಾಕಿದಳು.

"ಅಕ್ಕಾ, ಸಿಟ್ಟಾಗಬ್ಯಾಡ್ರಿ," ಎಂದಳು ಸುರಭಿ ಬಚ್ಚಲಿಂದ, "ನಿಮಗಿಂತಾ ನಿಮ್ಮ ಅವ್ವಾರ ಕೈ ಛಲೋ ಐತ್ರಿ!"

"ಆ ಕೈ ನನಗ ಸಿಕ್ಕರ ನಾನೂ ಹಂಗ ಅಂತಿದ್ದೆ," ಎಂದಳು ರಜನಿ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಸಂಜೆ ಬೇವಿನ ಮರದ ಜೋಕಾಲಿಗೆ ಓಣಿಯ ಹುಡುಗಿಯರೆಲ್ಲ ಕೂಡಿದರು. ಸುರಭಿ ಒತ್ತಾಯ ಮಾಡಿ ರಜನಿಯನ್ನು ಹತ್ತಿಸಿದಳು. ಹಗ್ಗ ಹಿಂದೆ ಸರಿದು ಮುಂದೆ ಜೀಕಿತು, ಹೊಟ್ಟೆಯಲ್ಲಿ ಹಳೆಯ ಆ ಕಚಗುಳಿ ಎದ್ದಿತು, ದೂರದ ಹೆಸರುಕಾಳಿನ ಹೊಲಗಳು ಒಮ್ಮೆ ಕಂಡವು. ಆಗಲೇ ಪಡಸಾಲೆಯಿಂದ ಅವ್ವನ ಕೂಗು ಬಂತು: "ರಜನೀ, ಚಾ ಕೇಳಾಕತ್ತಾರ, ಹಾಲ ಎಲ್ಲಿಟ್ಟಿ?" ಅವಳು ಕಾಲೂರಿ ಇಳಿದಳು. ಹೊಳೆಯಪ್ಪ ಫೋನ್ ಹಿಡಿದು ಜೋಕಾಲಿ, ಉಂಡೆಯ ತಟ್ಟೆ, ಪಡಸಾಲೆಯ ಕಂಬ ಎಲ್ಲವನ್ನೂ ತೆಗೆಯುತ್ತಿದ್ದ. ಹಬ್ಬದ ಹುರುಪು ಎಂದುಕೊಂಡಳು.

ಹೊರಡುವ ದಿನ ಅವ್ವ ನಾಲ್ವರಿಗೂ ಉಡಿ ತುಂಬಿದಳು. ರಜನಿ ತಟ್ಟೆ ಹಿಡಿದು ಮಗ್ಗುಲಲ್ಲಿ ನಿಂತು, ರೂಢಿಯಂತೆ, ಒಂದೊಂದೇ ಕೊಬ್ಬರಿ, ಒಂದೊಂದೇ ಖಣ ಎತ್ತಿ ಕೊಟ್ಟಳು. ನಾಲ್ಕನೆಯವಳು ಎದ್ದಾಗ ತಟ್ಟೆಯಲ್ಲಿ ರಜನಿಗೆಂದು ಖಣ ಉಳಿದಿರಲಿಲ್ಲ. ಅವ್ವ ನಾಲಿಗೆ ಕಚ್ಚಿಕೊಂಡು ಟ್ರಂಕು ತೆಗೆಯಲು ಒಳಗೆ ಓಡಿದಳು.

ಅದೇ ಹೊತ್ತಿಗೆ ಹೊಳೆಯಪ್ಪ ಬಂದು ಪಕ್ಕಕ್ಕೆ ಕರೆದ.

"ಅಕ್ಕಾ, ಮಾಮಾರ ಜೋಡಿ ಮಾತಾಡೇನಿ. ನಮ್ಮ ಮನೀನೂ ಆಪಿಗೆ ಹಾಕೂಣಂತಾರ. 'ಖರೇ ತವರುಮನಿ' ಅಂತ. ಫೋಟೋ ಅವರಿಗೆ ಕಳಿಸೇಬಿಟ್ಟೆ. ಮುಂದಿನ ಪಂಚಮಿಗೆ ಫುಲ್ ಆಗತೈತಿ ನೋಡು."

ರಜನಿ ಕೈಯಲ್ಲಿದ್ದ ಖಾಲಿ ತಟ್ಟೆ ಕೆಳಗಿಟ್ಟಳು. "ಇದೊಂದ ಬ್ಯಾಡೋ ತಮ್ಮಾ."

"ಯಾಕ? ಹಾದಿ ತೋರಿಸಿದಾಕಿ ನೀನ. ಅವ್ವನ್ನ ನೋಡಿದೇನ? ವರ್ಷಗಟ್ಲೆ ಇಷ್ಟ ಹುರುಪಿಲೆ ಓಡ್ಯಾಡಿರಲಿಲ್ಲ."

ಅದೂ ಖರೇ ಇತ್ತು. ಹೊಸ ಖಣ ಹಿಡಿದು ಬಂದ ಅವ್ವನ ಮುಖ ಅರಳಿತ್ತು. "ಮನಿ ತುಂಬ ಹೆಣ್ಮಕ್ಕಳಿದ್ರ ಎಷ್ಟ ಚಂದ ನೋಡ ರಜನಿ. ನಿಮ್ಮಪ್ಪನೂ ಎರಡೆರಡ ಸಲ ಉಂಡ." ಈ ಮುಖಕ್ಕೆ ಬೇಡ ಎನ್ನುವುದು ಹೇಗೆ? ರಜನಿ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ಅವ್ವ ಅಕ್ಕಿ ಹಾಕುತ್ತಿರುವಾಗ, ತಲೆ ಎತ್ತದೆ ತಮ್ಮನಿಗೆ ಹೇಳಿದಳು:

"ಹಾಕು. ಆದ್ರ ಮುಂದಿನ ಪಂಚಮಿಗೆ ಮೊದಲನೇ ಬುಕ್ಕಿಂಗ್ ನಂದು. ನಡುಮನಿ ಕೋಣಿ."

ಹೊಳೆಯಪ್ಪ ನಕ್ಕ. "ಮನಿ ಮಗಳಿಗೆ ಎಂಥಾ ಬುಕ್ಕಿಂಗ್? ಬರಬೇಕನಿಸಿದಾಗ ಬಾ."

"ಬರಬೇಕನಿಸಿದಾಗ ಬರಾಕ ಆಗಿಲ್ಲಂತನ ಹೇಳಾಕತ್ತೇನಿ. ಮನಿ ಮಗಳಂದ್ರ ಎಲ್ಲಾರೂ ನಾಳೆ ಅಂತಾರ, ಏಳು ಅಂತಾರ. ರೊಕ್ಕಾ ಕೊಟ್ಟವರಿಗೆ ಯಾರೂ ಅನ್ನೂದಿಲ್ಲ. ನಿಮ್ಮ ಮಾಮಾರಿಗೂ ಹೇಳು, ಬುಕ್ಕಿಂಗ್ ಆಗೇತಿ, ಕ್ಯಾನ್ಸಲ್ ಮಾಡಾಕ ಬರೂದಿಲ್ಲಂತ."

ಉಡಿಯ ಅಕ್ಕಿ ಚೆಲ್ಲದಂತೆ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫೋನ್ ತೆಗೆದು ತಮ್ಮನ ನಂಬರಿಗೆ ಮುಂಗಡ ಹಾಕಿದಳು. ಅವನ ಕಿಸೆಯಲ್ಲಿ ಫೋನ್ ಸದ್ದು ಮಾಡಿತು. ಅವನ ನಗು ಅರ್ಧಕ್ಕೆ ನಿಂತಿತು.

ಅವ್ವನ ಕೈಯಲ್ಲಿ ಖಣ ಹಾಗೇ ಉಳಿದಿತ್ತು. ಬೈಯುತ್ತಾಳೆ, ಇಲ್ಲವೆ ಅಳುತ್ತಾಳೆ ಎಂದು ರಜನಿ ಕಾದಳು. ಅವ್ವ ಎರಡೂ ಮಾಡಲಿಲ್ಲ. ಖಣವನ್ನು ಉಡಿಯಲ್ಲಿಟ್ಟು, ಸೆರಗಿನ ತುದಿ ಮಡಚಿ, ಮೆಲ್ಲಗೆ ಕೇಳಿದಳು:

"ಒಬ್ಬಾಕೀನ ಬರ್ತಿಯೇನ, ಮಂದೀನೂ ಇರ್ತಾರೇನ?"

"ಒಬ್ಬಾಕೀನ."

ಹೊರಗೆ ಗಾಡಿಯವ ಹಾರ್ನ್ ಹೊಡೆದ. ಹುಬ್ಬಳ್ಳಿಯಲ್ಲಿ ರೈಲು ತಪ್ಪೀತೆಂದು ಗೆಳತಿಯರು ಕೂಗುತ್ತಿದ್ದರು. ಸುರಭಿ ತನ್ನ ಚೀಲವನ್ನು ಕಟ್ಟೆಯ ಮೇಲೇ ಮರೆತು ಗಾಡಿ ಹತ್ತಿದ್ದಳು. ರಜನಿ ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಚೀಲ ಎತ್ತಿಕೊಂಡು ಹೊರಟಳು.