ಇಪ್ಪತ್ತೈದನೇ ಗುಂಡಿ

ನೀರಿನ ಕಚೇರಿಯಲ್ಲಿ ಎಂಟು ಮಂದಿ ಮೀಟರ್ ರೀಡರುಗಳಿದ್ದರು. ಗುಡ್ಡದ ಬಡಾವಣೆಯನ್ನು ಮಾತ್ರ ಹತ್ತೊಂಬತ್ತು ವರ್ಷದಿಂದ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಐವತ್ತನಾಲ್ಕು ವರ್ಷ. ಗುಡ್ಡದ ಕೆಳಗಿನವರೂ ಮೇಲಿನವರೂ ಅವಳನ್ನು ಮೀಟರಕ್ಕ ಅನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿದ್ದ ಹೆಸರು ಕಚೇರಿಯಲ್ಲೇ ಎಷ್ಟೋ ಜನಕ್ಕೆ ಮರೆತುಹೋಗಿತ್ತು.

ಬಡಾವಣೆಯಲ್ಲಿ ಒಟ್ಟು ಸಾವಿರದ ಇನ್ನೂರು ಮೀಟರುಗಳು. ದಿನಕ್ಕೆ ಅರವತ್ತರಂತೆ ಇಪ್ಪತ್ತು ದಿನದಲ್ಲಿ ಮುಗಿಯಬೇಕು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಹನ್ನೆರಡಕ್ಕೆ ಮುಗಿಸಿದರೆ ಆ ದಿನದ ಅಂಕಿಗಳು ಮಧ್ಯಾಹ್ನವೇ ಕಂಪ್ಯೂಟರಿಗೆ ಏರುತ್ತವೆ. ಹಿಂದಿನ ಮೂರು ತಿಂಗಳು ಮೀಟರಕ್ಕನಿಗೆ ಇಪ್ಪತ್ತಮೂರು ದಿನ ಬೇಕಾಗಿತ್ತು. ನಾಲ್ಕನೇ ತಿಂಗಳು ಸೂಪರ್‌ವೈಸರ್ ಕರೆದು ಕುರ್ಚಿ ತೋರಿಸಿದ. ಬೈಯುವುದಕ್ಕೆ ಕರೆದಿಲ್ಲ, ಕೂತ್ಕೊಳ್ಳಿ ಅಂದ. ಮುಂದಿನ ಒಂದನೇ ತಾರೀಖಿನಿಂದ ದಿನಕ್ಕೆ ಅರವತ್ತು ಆಗದಿದ್ದರೆ ಎರಡನೇ ಕೌಂಟರಿನಲ್ಲಿ ಕೂರಬೇಕು, ಸಂಬಳ ಅಷ್ಟೇ ಇರುತ್ತದೆ, ಫ್ಯಾನ್ ಬೇರೆ ಇದೆ ಅಂದ. ಗುಡ್ಡಕ್ಕೆ ಬೇರೆಯವರು ಹೋಗಿ ಮೊಬೈಲಿನಲ್ಲಿ ಮೀಟರಿನ ಫೋಟೊ ತೆಗೆದುಕೊಂಡು ಬರುತ್ತಾರಂತೆ.

"ಫೋಟೊದಲ್ಲಿ ಶಬ್ದ ಬರುತ್ತಾ?" ಎಂದು ಮೀಟರಕ್ಕ ಕೇಳಿದಳು.

"ಶಬ್ದ ಕೇಳೋದು ನಿಮ್ಮ ಕೆಲಸ ಅಂತ ಎಲ್ಲೂ ಬರೆದಿಲ್ಲವಲ್ಲ ಅಕ್ಕಾ," ಅಂದ ಅವನು. ಮಾತಿನಲ್ಲಿ ಕೊಂಕು ಇರಲಿಲ್ಲ.

ಬರೆದಿರಲಿಲ್ಲ, ನಿಜ. ಮೀಟರಕ್ಕನ ಚೀಲದಲ್ಲಿ ಮೊಳದುದ್ದದ ಒಂದು ಉಕ್ಕಿನ ಸಲಾಕೆ ಇರುತ್ತಿತ್ತು. ಅದರ ಒಂದು ತುದಿಗೆ ಮರದ ಬಿಲ್ಲೆ. ಮೀಟರುಗಳೆಲ್ಲ ಮನೆಗಳ ಮುಂದೆ, ನೆಲದೊಳಗಿನ ಚಿಕ್ಕ ಗುಂಡಿಗಳಲ್ಲಿ ಕಬ್ಬಿಣದ ಮುಚ್ಚಳದ ಕೆಳಗಿದ್ದವು. ಮುಚ್ಚಳ ಎತ್ತಿ, ಮಂಡಿಯೂರಿ, ಅಂಕಿ ಬರೆದುಕೊಂಡ ಮೇಲೆ ಅವಳು ಸಲಾಕೆಯನ್ನು ಪೈಪಿನ ಮೇಲಿಟ್ಟು ಬಿಲ್ಲೆಗೆ ಕಿವಿ ಕೊಡುತ್ತಿದ್ದಳು. ಮನೆಯ ನಲ್ಲಿಗಳೆಲ್ಲ ನಿಂತಿದ್ದರೂ ಒಳಗೆ ಸುಂಯ್ ಅನ್ನುತ್ತಿದ್ದರೆ ನೆಲದಡಿ ಎಲ್ಲೋ ಪೈಪು ಸೋರುತ್ತಿದೆ ಎಂದರ್ಥ. ಹಿಂದಿನ ವರ್ಷ ಹೀಗೆ ಹದಿನೇಳು ಸೋರಿಕೆ ಹಿಡಿದಿದ್ದಳು. ಒಂದೊಂದು ಗುಂಡಿಗೂ ಇದಕ್ಕೆ ಒಂದು ನಿಮಿಷ ಹೋಗುತ್ತಿತ್ತು.

ಮನೆಯಲ್ಲಿ ಅವಳ ಜೊತೆ ತಮ್ಮ ಮತ್ತು ನಾದಿನಿ ಇದ್ದರು. ತಮ್ಮ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಅವನ ಕೆಲಸ. ತಾನು ಅಳೆಯದ ಯಾವ ಅಂಕಿಯನ್ನೂ ನಂಬದಿರುವುದು ಅವನ ಅಭ್ಯಾಸ. ನಾದಿನಿ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುತ್ತಿದ್ದಳು. ಇಡೀ ದಿನ ಕೂದಲೆಳೆಯಷ್ಟು ಅಂತರ ನೋಡಿ ನೋಡಿ ಸಾಕಾಗಿ, ಮನೆಗೆ ಬಂದ ಮೇಲೆ ಯಾವುದನ್ನೂ ಅಳೆಯಲು ಒಪ್ಪುತ್ತಿರಲಿಲ್ಲ.

ಎಲೆಕ್ಟ್ರಿಕ್ ಸೈಕಲ್ಲಿನ ಮಾತು ತೆಗೆದವಳು ಅವಳೇ. ತುಳಿದರೆ ಮೋಟಾರು ಜೊತೆಗೂಡಿ ತಳ್ಳುತ್ತದೆ, ಕನ್ನಡಕದ ಅಂಗಡಿಯ ಮಾಲೀಕರು ಅದರಲ್ಲಿ ಏರು ರಸ್ತೆಯಲ್ಲಿ ಹಾಡು ಹೇಳಿಕೊಂಡು ಬರುತ್ತಾರೆ ಎಂದು ವರದಿ ಕೊಟ್ಟಳು. ಬೆಲೆ ಮೀಟರಕ್ಕನ ನಾಲ್ಕು ತಿಂಗಳ ಸಂಬಳದಷ್ಟಿತ್ತು. ದುಡ್ಡು ಬ್ಯಾಂಕಿನಲ್ಲಿತ್ತು. ಆದರೆ ಕೊಂಡ ಮೇಲೂ ದಿನಕ್ಕೆ ಈಗಿನ ಐವತ್ತೆರಡಕ್ಕೇ ನಿಂತರೆ ದುಡ್ಡೂ ಹೋಯಿತು, ಗುಡ್ಡವೂ ಹೋಯಿತು.

ಶನಿವಾರ ಸಂಜೆ ಮೂವರೂ ಸೈಕಲ್ ಅಂಗಡಿಗೆ ಹೋದರು. ತಮ್ಮ ಚೀಲದಿಂದ ಕೊಕ್ಕೆ ತಕ್ಕಡಿ ತೆಗೆದದ್ದನ್ನು ನೋಡಿ ಅಂಗಡಿಯವನ ಮುಖ ಇಳಿಯಿತು. ಕರಪತ್ರದಲ್ಲಿ ತೂಕ ಇಪ್ಪತ್ತೆರಡು ಕಿಲೋ ಎಂದಿತ್ತು. ತಕ್ಕಡಿ ಇಪ್ಪತ್ತನಾಲ್ಕು ಕಿಲೋ ಆರುನೂರು ಗ್ರಾಂ ತೋರಿಸಿತು. ಬ್ಯಾಟರಿ ಬಿಟ್ಟು ಹೇಳಿರುತ್ತಾರೆ ಎಂದು ಅಂಗಡಿಯವನು ವಿವರಿಸಿದ. ಒಂದು ಸಲ ಚಾರ್ಜ್ ಮಾಡಿದರೆ ಎಪ್ಪತ್ತು ಕಿಲೋಮೀಟರ್ ಹೋಗುತ್ತದೆ ಎಂಬುದರ ಬಗ್ಗೆಯೂ ತಮ್ಮ ವಿಚಾರಿಸಿದ.

"ಅದು ಸಪಾಟು ರಸ್ತೆಗೆ ಸಾರ್. ಗಾಳಿ ಹಿಂದಿನಿಂದ ಬರ್ತಾ ಇರಬೇಕು."

"ಹಾಗಾದ್ರೆ ಗಾಳೀನೂ ಜೊತೇಲೇ ಕೊಡ್ತೀರಾ?"

ಗುಡ್ಡದ ರಸ್ತೆಯಲ್ಲಿ ಮೂವತ್ತೈದು ಬರುತ್ತದೆ ಎಂದು ಅಂಗಡಿಯವನು ಕೊನೆಗೆ ಒಪ್ಪಿಕೊಂಡ. ಮೀಟರಕ್ಕನ ದಿನದ ಓಡಾಟ ಹನ್ನೊಂದು ಕಿಲೋಮೀಟರ್. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. "ನನ್ನನ್ನು ಮದುವೆ ಆಗೋವಾಗಲೂ ಇವರು ಇಷ್ಟು ವಿಚಾರಿಸಿರಲಿಲ್ಲ," ಎಂದು ನಾದಿನಿ ಅಂಗಡಿಯವನಿಗೆ ಸಮಾಧಾನ ಹೇಳಿದಳು.

ಉಳಿದದ್ದು ಒಂದೇ ಪ್ರಶ್ನೆ. ಈ ಸೈಕಲ್ಲು ಐವತ್ತೆರಡನ್ನು ಅರವತ್ತು ಮಾಡುತ್ತದೆಯೇ? ಅದನ್ನು ಊಹಿಸುವ ಬದಲು ಅಳೆಯೋಣ ಎಂದ ತಮ್ಮ, ಮುಂದಿನ ವಾರ ಎರಡು ದಿನ ರಜೆ ಹಾಕಿ ಸ್ಟಾಪ್‌ವಾಚು, ನೋಟ್‌ಬುಕ್ಕು ಹಿಡಿದು ಅಕ್ಕನ ಹಿಂದೆ ಗುಡ್ಡಕ್ಕೆ ಹೋದ. ಅವಳು ಗುಂಡಿಯ ಬಳಿ ತನ್ನ ಹಳೆಯ ಸೈಕಲ್ ನಿಲ್ಲಿಸಿದಾಗ ಗಡಿಯಾರ ಒತ್ತುತ್ತಿದ್ದ, ಎದ್ದು ಸೈಕಲ್ ಹಿಡಿದಾಗ ಮತ್ತೆ ಒತ್ತುತ್ತಿದ್ದ. ನಡುವೆ ಯಾರದಾದರೂ ಕಾಂಪೌಂಡ್ ಗೋಡೆಯ ಮೇಲೆ ಕೂತು ಗಡಿಯಾರವನ್ನೇ ನೋಡುತ್ತಿದ್ದ. ಇಲಾಖೆಯವರು ಅಕ್ಕನ ಮೇಲೆ ಕಣ್ಣಿಡಲು ಯಾರನ್ನೋ ಕಳಿಸಿದ್ದಾರೆ ಎಂದುಕೊಂಡ ಮೇಲಿನ ಬೀದಿಯ ಹಜಾಮನೊಬ್ಬ, ಅವನಿಗೆ ಕೇಳುವಂತೆಯೇ, ಕೆಲಸ ಮಾಡೋರು ಒಬ್ಬರು, ನೋಡೋದಕ್ಕೆ ಇನ್ನೊಬ್ಬರು ಅಂದ.

ಎರಡು ದಿನವೂ ಗುಂಡಿಗಳು ಐವತ್ತೆರಡೇ ಆದವು. ಇಪ್ಪತ್ತನಾಲ್ಕು ಗುಡ್ಡದ ಬುಡದಲ್ಲಿ, ಇಪ್ಪತ್ತೆಂಟು ಮೇಲೆ. ನಡುವೆ ಒಂದೂಕಾಲು ಕಿಲೋಮೀಟರಿನ ಏರು. ಅಲ್ಲಿ ಅವಳು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದಳು.

ಶುಕ್ರವಾರ ಸಂಜೆ ತಮ್ಮ ಊಟದ ಮೇಜಿನ ಮೇಲೆ ನೋಟ್‌ಬುಕ್ ಬಿಡಿಸಿದ. ಎರಡು ಪಟ್ಟಿ ಮಾಡಿದ್ದ, ಒಂದು ದಾರಿಯದು, ಇನ್ನೊಂದು ಗುಂಡಿಗಳದು. ದಾರಿಗೆ ಒಟ್ಟು ಎಪ್ಪತ್ತು ನಿಮಿಷ, ಅದರಲ್ಲಿ ಏರಿಗೆ ಇಪ್ಪತ್ತಾರು. ಗುಂಡಿಗೆ ಸರಾಸರಿ ನಾಲ್ಕು ನಿಮಿಷ. ಉಳಿದದ್ದು ಬೀಗ ಹಾಕಿದ ಗೇಟು, ನಾಯಿ, ಕುಡಿಯುವ ನೀರು. ಹೊಸ ಸೈಕಲ್ಲು ಏರನ್ನು ಆರು ನಿಮಿಷದಲ್ಲಿ ಮುಗಿಸಿದರೂ ಉಳಿಯುವುದು ಇಪ್ಪತ್ತು ನಿಮಿಷ. ನಾಲ್ಕು ನಿಮಿಷಕ್ಕೊಂದರಂತೆ ಐದು ಗುಂಡಿ.

"ಐವತ್ತೇಳು," ಅಂದ. "ಮೂರು ಕಡಿಮೆ. ನಾಲ್ಕು ತಿಂಗಳ ಸಂಬಳ ಕೊಟ್ಟು ಐವತ್ತೇಳು ತಗೊಳ್ಳೋದಕ್ಕೆ ನಾನು ಹೂಂ ಅನ್ನಲ್ಲ ಅಕ್ಕ."

ಇನ್ನೊಂದು ದಾರಿಯನ್ನೂ ಅವನು ಲೆಕ್ಕ ಹಾಕಿದ್ದ. ಸಲಾಕೆಯನ್ನು ಮನೆಯಲ್ಲಿ ಬಿಟ್ಟರೆ ಗುಂಡಿಗೆ ಒಂದು ನಿಮಿಷ ಉಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಅರವತ್ತು ದಾಟುತ್ತದೆ. ಅದನ್ನು ಹೇಳುವಾಗ ಅವನು ಅಕ್ಕನ ಮುಖ ನೋಡಲಿಲ್ಲ. ಮೀಟರಕ್ಕ ತಟ್ಟೆ ತೊಳೆದಿಟ್ಟು ತನ್ನ ಕೋಣೆಗೆ ಹೋದಳು.

ಭಾನುವಾರ ಬೆಳಿಗ್ಗೆ ನೋಟ್‌ಬುಕ್ಕು ಇನ್ನೂ ಮೇಜಿನ ಮೇಲೇ ಇತ್ತು. ಮೀಟರಕ್ಕ ಕನ್ನಡಕ ಏರಿಸಿಕೊಂಡು ಗುಂಡಿಗಳ ಪಟ್ಟಿ ಓದಲು ಕೂತಳು. ಹತ್ತೊಂಬತ್ತು ವರ್ಷ ಅವಳು ಅಂಕಿಗಳನ್ನು ಓದಿದ್ದು ಒಂದೇ ರೀತಿ. ಮೀಟರಿನ ಮೇಲೆ ಎರಡು ಸಾವಿರ ಇದ್ದರೇನು, ಒಂಬತ್ತು ಸಾವಿರ ಇದ್ದರೇನು. ಕಳೆದ ತಿಂಗಳಿನದರಿಂದ ಈ ತಿಂಗಳಿಗೆ ಎಷ್ಟು ಜಿಗಿದಿದೆ ಎಂಬುದಷ್ಟೇ ಮುಖ್ಯ. ಜಿಗಿತ ವಿಪರೀತವಾಗಿದ್ದರೆ ಆ ಮನೆಯ ಮುಂದೆ ಇನ್ನೊಂದು ಸಲ ನಿಲ್ಲಬೇಕು. ಹಾಗೆಯೇ ಬೆರಳಿಟ್ಟುಕೊಂಡು ಸಾಲು ಸಾಲು ಇಳಿದಳು. ಇಪ್ಪತ್ತೈದನೆಯದಕ್ಕೆ ಬಂದಾಗ ಬೆರಳು ನಿಂತಿತು.

ತಮ್ಮನನ್ನು ಕರೆದಳು. ಅವನು ಮುಖಕ್ಷೌರ ಅರ್ಧಕ್ಕೆ ಬಿಟ್ಟು ಬಂದ.

"ಇಪ್ಪತ್ತನಾಲ್ಕನೇದು ಎಷ್ಟು?"

"ಮೂರು ನಿಮಿಷ."

"ಇಪ್ಪತ್ತೈದನೇದು?"

"ಆರು."

"ಆಮೇಲಿನವು?"

ಅವನು ನೋಡಿದ. ಐದು, ಐದೂವರೆ, ಐದು, ನಾಲ್ಕೂ ಮುಕ್ಕಾಲು. ಮೇಲಿನ ಇಪ್ಪತ್ತೆಂಟರಲ್ಲಿ ಒಂದೂ ನಾಲ್ಕಕ್ಕೆ ಇಳಿದಿರಲಿಲ್ಲ. ಕೆಳಗಿನ ಇಪ್ಪತ್ತನಾಲ್ಕರಲ್ಲಿ ಒಂದೂ ಮೂರೂವರೆ ದಾಟಿರಲಿಲ್ಲ. ಸರಾಸರಿ ನಾಲ್ಕು ಎಂದು ಅವನು ಬರೆದಿದ್ದ. ಆದರೆ ನಾಲ್ಕು ನಿಮಿಷ ತೆಗೆದುಕೊಂಡ ಗುಂಡಿ ಇಡೀ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ಅವನ ತಪ್ಪು ಅವನ ಕಸುಬಿನದೇ ಆಗಿತ್ತು. ಒಂದೇ ಕಲ್ಲನ್ನು ಒಂದೇ ತಕ್ಕಡಿಯಲ್ಲಿ ಹತ್ತು ಸಲ ತೂಗಿ, ಬಂದ ಸಣ್ಣಪುಟ್ಟ ವ್ಯತ್ಯಾಸವನ್ನು ಸರಾಸರಿಯಲ್ಲಿ ಕರಗಿಸುವುದು ಅವನ ದಿನನಿತ್ಯದ ಕೆಲಸ. ಅಲ್ಲಿ ಕಲ್ಲು ಬದಲಾಗುವುದಿಲ್ಲ, ಹಾಗಾಗಿ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಅಕ್ಕನನ್ನೂ ಹಾಗೇ ತೂಗಿದ್ದ.

"ಮೇಲಿನ ಮುಚ್ಚಳ ಬಿಗಿ ಇದಾವಾ?" ಎಂದು ಕೇಳಿದ.

"ಎಲ್ಲಾ ಒಂದೇ ಕಾರ್ಖಾನೇವು."

"ಮತ್ತೆ?"

ಮೀಟರಕ್ಕ ಕನ್ನಡಕ ತೆಗೆದಿಟ್ಟಳು. "ಏರು ಹತ್ತಿದ ಮೇಲೆ ಮಂಡಿ ಬಗ್ಗಲ್ಲ ಕಣೋ. ಗೋಡೆ ಹಿಡ್ಕೊಂಡು ನಿಧಾನಕ್ಕೆ ಇಳೀತೀನಿ. ಏಳೋದಕ್ಕೆ ಮತ್ತೆ ಗೋಡೆ. ನೀನು ಅದೇ ಗೋಡೆ ಮೇಲೆ ಕೂತಿದ್ದೆ."

ತಮ್ಮನ ಒಂದು ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಎಷ್ಟು ದಿನದಿಂದ ಎಂದು ಕೇಳಿದ. ನಾಲ್ಕು ತಿಂಗಳು ಅಂದಳು. ಡಾಕ್ಟರು ಮಂಡಿಯೂರಬಹುದು, ಭಾರ ತಳ್ಳಿಕೊಂಡು ಏರು ಹತ್ತುವುದು ಬೇಡ ಎಂದಿದ್ದರಂತೆ. ಹೇಳಿದರೆ ಎಲ್ಲರೂ ಸೇರಿ ಕೌಂಟರಿಗೆ ಕೂರಿಸುತ್ತೀರಿ ಎಂದು ಬಾಯಿ ಬಿಟ್ಟಿರಲಿಲ್ಲ. ಅಡುಗೆಮನೆಯಿಂದ ನಾದಿನಿ ಬಂದು ಬಾಗಿಲಲ್ಲಿ ನಿಂತಳು. "ಅತ್ತಿಗೆ, ಸ್ನಾನದ ಮನೇಲಿ ನೀವು ನಲ್ಲಿ ಹಿಡ್ಕೊಂಡು ಏಳೋದು ನನಗೆ ಗೊತ್ತಿತ್ತು. ನೀವೇ ಹೇಳಲಿ ಅಂತ ಸುಮ್ಮನಿದ್ದೆ," ಅಂದಳು. ಅದಕ್ಕೇ ಸೈಕಲ್ಲಿನ ಮಾತು ತೆಗೆದದ್ದು ಎಂದು ಸೇರಿಸಲಿಲ್ಲ. ಸೇರಿಸುವ ಅಗತ್ಯವೂ ಇರಲಿಲ್ಲ.

ತಮ್ಮ ಪೆನ್ಸಿಲ್ ತೆಗೆದುಕೊಂಡು ಮೊದಲಿಂದ ಲೆಕ್ಕ ಹಾಕಿದ. ಏರಿನಲ್ಲಿ ಇಪ್ಪತ್ತು ನಿಮಿಷದ ಜೊತೆಗೆ ಮೇಲಿನ ಒಂದೊಂದು ಗುಂಡಿಯಲ್ಲಿ ಒಂದೇ ನಿಮಿಷ ಉಳಿದರೂ ಅರವತ್ತು ದಾಟುತ್ತದೆ. ಉಳಿಯುತ್ತದೆಯೇ ಎಂಬುದು ಮಾತ್ರ ಕಾಗದದ ಮೇಲೆ ತಿಳಿಯುವಂಥದ್ದಲ್ಲ.

ಸೋಮವಾರ ಒಂದು ದಿನದ ಮಟ್ಟಿಗೆ ಸೈಕಲ್ ಕೊಡಲು ಅಂಗಡಿಯವನು ಒಪ್ಪಿದ. ಅಲ್ಲಿಯವರೆಗೆ ಹಳೆಯದು ಅಂಗಡಿಯಲ್ಲಿರಲಿ ಅಂದ. ಹಳೆಯದನ್ನು ಕದ್ದವನೂ ವಾಪಸು ತಂದುಕೊಟ್ಟು ಹೋಗುತ್ತಾನೆ, ಧಾರಾಳವಾಗಿ ಇಟ್ಟುಕೊಳ್ಳಿ ಎಂದಳು ಮೀಟರಕ್ಕ.

ತಮ್ಮ ಮೂರನೇ ರಜೆ ಹಾಕಿದ. ಬುಡದ ಇಪ್ಪತ್ತನಾಲ್ಕು ಗುಂಡಿಗಳು ಎಂದಿನಂತೆ ಮೂರು ಮೂರು ನಿಮಿಷ. ಏರಿನಲ್ಲಿ ಅವಳು ಮೊದಲ ಸಲ ಸೈಕಲ್ ಇಳಿಯಲಿಲ್ಲ. ಆರು ನಿಮಿಷ ನಲವತ್ತು ಸೆಕೆಂಡ್. ಮೇಲಿನ ಬೀದಿಯ ತಿರುವಿನಲ್ಲಿದ್ದ ಹಜಾಮ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬಂದು, ಗಿರಾಕಿಗೂ ತೋರಿಸಿದ. ಗಡಿಯಾರ ಹಿಡಿದ ತಮ್ಮ ಆಟೊದಲ್ಲಿ ಹಿಂದೆಯೇ ಬಂದ.

ಇಪ್ಪತ್ತೈದನೇ ಗುಂಡಿಯ ಬಳಿ ಅವನು ಗೋಡೆಯ ಮೇಲೆ ಕೂರಲಿಲ್ಲ. ಎದುರಿಗೆ ನಿಂತು ಅಕ್ಕನನ್ನು ನೋಡಿದ. ಅವಳ ಎಡಗೈ ಅಭ್ಯಾಸಬಲದಿಂದ ಗೋಡೆಯ ಕಡೆ ಹೋಯಿತು, ಮುಟ್ಟುವ ಮೊದಲೇ ಹಿಂದೆ ಬಂತು. ಮಂಡಿಯೂರಿದಳು, ಮುಚ್ಚಳ ಎತ್ತಿದಳು, ಅಂಕಿ ಬರೆದಳು, ಸಲಾಕೆಗೆ ಕಿವಿಯಿಟ್ಟಳು, ಎದ್ದಳು. ಮೂರು ನಿಮಿಷ ಹತ್ತು ಸೆಕೆಂಡ್.

ಎಲ್ಲವೂ ಸಲೀಸಾಗಿತ್ತು ಎಂದೇನಲ್ಲ. ಮುಂದಕ್ಕೆ ದಾರಿಯಿಲ್ಲದ ಓಣಿಗಳಲ್ಲಿ ಆ ಇಪ್ಪತ್ತನಾಲ್ಕೂವರೆ ಕಿಲೋವನ್ನು ತಿರುಗಿಸುವುದು ಎಮ್ಮೆಯನ್ನು ತಿರುಗಿಸಿದ ಹಾಗಿತ್ತು. ಐವತ್ತೆಂಟು ಮೆಟ್ಟಿಲಿನ ಓಣಿಗೆ ಯಾವ ಸೈಕಲ್ಲೂ ಹತ್ತುವುದಿಲ್ಲ. ಬೀಗ ಹಾಕಿ ಕೆಳಗೆ ನಿಲ್ಲಿಸಿ ಹೋದಳು. ಅಲ್ಲಿನ ಹನ್ನೊಂದು ಗುಂಡಿಗಳಿಗೆ ತಲಾ ನಾಲ್ಕೂವರೆ ನಿಮಿಷವೇ ಹಿಡಿಯಿತು, ಗೋಡೆಯೂ ಬೇಕಾಯಿತು. ತಮ್ಮ ಅದನ್ನೂ ಇದ್ದಂತೆಯೇ ಬರೆದುಕೊಂಡ.

ಹನ್ನೊಂದೂವರೆಗೆ ಒಂದು ನಿಮಿಷವಿರುವಾಗ ಅರವತ್ತನೆಯ ಗುಂಡಿಗೆ ಬಂದರು. ಅಂಕಿ ಬರೆದು ಸಲಾಕೆಗೆ ಕಿವಿಯಿಟ್ಟ ಮೀಟರಕ್ಕ ಏಳಲಿಲ್ಲ. ಕೈಯೆತ್ತಿ ತಮ್ಮನಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು. ಮನೆಯವರನ್ನು ಕರೆದು ನಲ್ಲಿಗಳನ್ನೆಲ್ಲ ನಿಲ್ಲಿಸಲು ಹೇಳಿದಳು. ಮತ್ತೆ ಕೇಳಿದಳು. ಪಕ್ಕದ ಮನೆಯ ಗುಂಡಿಯಲ್ಲೂ ಕೇಳಿ ಬಂದಳು. ಗೇಟಿನಿಂದ ನಾಲ್ಕು ಹೆಜ್ಜೆ ಒಳಗೆ, ಹೂಕುಂಡದ ಸಾಲಿನ ಕೆಳಗೆ ಪೈಪು ಸೋರುತ್ತಿತ್ತು. ಮನೆಯವರಿಗೆ ಜಾಗ ತೋರಿಸಿ, ಕಚೇರಿಗೆ ಚೀಟಿ ಬರೆದು ಅವಳು ಸೈಕಲ್ ಹಿಡಿದಾಗ ಗಡಿಯಾರ ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಹನ್ನೆರಡಕ್ಕೆ ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು.

"ಇದೊಂದನ್ನ ಲೆಕ್ಕದಿಂದ ಬಿಡಲಾ?" ಎಂದು ತಮ್ಮ ಕೇಳಿದ. "ಇದು ಸೇರಿದರೆ ಉಳಿದವು ಕೆಟ್ಟದಾಗಿ ಕಾಣ್ತವೆ."

"ಬಿಡಬೇಡ. ಬರಕೋ."

ಅವನು ಅರವತ್ತನೇ ಸಾಲಿನ ಮುಂದೆ ಇಪ್ಪತ್ತು ಎಂದು ಬರೆದ. ಕೆಳಗೆ ಅಡ್ಡಗೆರೆ ಎಳೆದ. ಸರಾಸರಿಗೆಂದು ಬಿಟ್ಟಿದ್ದ ಜಾಗವನ್ನು ಖಾಲಿಯಾಗಿಯೇ ಬಿಟ್ಟು ನೋಟ್‌ಬುಕ್ ಮುಚ್ಚಿದ. ಮೀಟರಕ್ಕ ಸಲಾಕೆಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಕಚೇರಿಗೆ ಹೋಗುವ ದಾರಿಯಲ್ಲೇ ಸೈಕಲ್ ಅಂಗಡಿ ಇತ್ತು. ಹಳೆಯದನ್ನು ಇಟ್ಟುಕೊಳ್ಳುತ್ತಾನೋ ಕೇಳಿನೋಡು, ನಾನು ಅಂಕಿ ಕೊಟ್ಟು ಬಂದು ದುಡ್ಡು ಕಟ್ಟುತ್ತೇನೆ ಎಂದು ತಮ್ಮನಿಗೆ ಹೇಳಿ, ಇಳಿಜಾರಿನಲ್ಲಿ ಎರಡೂ ಬ್ರೇಕು ಹಿಡಿದುಕೊಂಡು ನಿಧಾನವಾಗಿ ಇಳಿದಳು.